‘ಬಂಬ’ ಎನ್ನಬಹುದೇ? ಎಂಜಿನ್ನೇ ಇಲ್ಲದ ಫೈರ್ ಎಂಜಿನ್ನಿಗೆ ಒಂದು ಪದ ಬೇಕಾಗಿದೆ

ಬಳಗದ ಹಿರಿಯರಿಗೂ ಗೆಳೆಯರಿಗೂ ಬದಿಯಡ್ಕದಿಂದ ನಮಸ್ಕಾರ.

ವಿಷುವಿನ ಆಸುಪಾಸಿಗೆ ನಮ್ಮ ವಾಚನಾಲಯದಲ್ಲಿ ಮಕ್ಕಳ ಶಿಬಿರ ಇದೆ. ಏಪ್ರಿಲ್ 14 ದೇಶದಲ್ಲೆಲ್ಲ ಅಗ್ನಿಶಾಮಕ ಸೇವೆಯ ದಿನವೂ ಆಗಿರುವುದರಿಂದ, ಊರಿಗೆ ಬೆಂಕಿ ಬಿದ್ದಾಗ ಓಡಿ ಬರುವವರ ಕಥೆಯನ್ನು ಮಕ್ಕಳಿಗೆ ಹೇಳುವ ಕೆಲಸ ಈ ಸಲ ನನಗೆ ಸಿಕ್ಕಿದೆ. ಲಂಡನ್ನಿನಲ್ಲೂ ಮುಂಬಯಿಯಲ್ಲೂ ಈ ಪಡೆ ಹೇಗೆ ಹುಟ್ಟಿತು, ಯಾರು ಯಾರು ಆಳುಗಳಾಗಿ ಸೇರಿದರು, ಯಾವ ಹತ್ಯಾರುಗಳನ್ನು ಹಿಡಿದರು ಎಂಬುದನ್ನು ಬರೆಯುತ್ತಾ ಹೋದೆ. ಬರೆದದ್ದನ್ನು ಅಕ್ಕನ ಮಗಳಿಗೆ ಓದಲು ಕೊಟ್ಟೆ. ಏಳನೇ ಕ್ಲಾಸಿನ ಹುಡುಗಿ. ಚಿತ್ರವನ್ನೂ ಬರಹವನ್ನೂ ಎರಡೆರಡು ಸಲ ನೋಡಿ, “ಮಾವಾ, ಇದರಲ್ಲಿ ಎಂಜಿನ್ ಎಲ್ಲುಂಟು?” ಎಂದು ಕೇಳಿದಳು.

ಅವಳು ನೋಡುತ್ತಿದ್ದದ್ದು ಲಂಡನ್ನಿನ ರಿಚರ್ಡ್ ನ್ಯೂಶಮ್ 1721ರಲ್ಲಿ ಪೇಟೆಂಟ್ ಪಡೆದ ಯಂತ್ರದ ಚಿತ್ರ. ಚಕ್ರದ ಮೇಲೆ ಕೂರಿಸಿದ ಉದ್ದನೆಯ ಮರದ ತೊಟ್ಟಿ, ಒಳಗೆ ಎರಡು ಸಿಲಿಂಡರ್, ಅವುಗಳ ನಡುವೆ ಗಾಳಿ ತುಂಬಿದ ಒಂದು ಪಾತ್ರೆ. ತೊಟ್ಟಿಯ ಎರಡೂ ಪಕ್ಕದಲ್ಲಿ ಉದ್ದಕ್ಕೆ ಹಿಡಿಗಂಬಿ. ಸಾಲಾಗಿ ನಿಂತ ಜನ ಅದನ್ನು ಮೇಲೆ ಕೆಳಗೆ ಜಗ್ಗಬೇಕು. ಇನ್ನು ಕೆಲವರು ಮೇಲೆ ಹತ್ತಿ, ಮೆಟ್ಟುಹಲಗೆಯ ಮೇಲೆ ನಿಂತು, ಮೈಭಾರ ಹಾಕಿ ಕಾಲಲ್ಲಿ ತುಳಿಯಬೇಕು. ತೊಟ್ಟಿಗೆ ಬಾಲ್ದಿಯಲ್ಲಿ ನೀರು ಹೊಯ್ಯುತ್ತಲೇ ಇರಬೇಕು. ಇಂಗ್ಲಿಷಿನವರು ಇದನ್ನು ಫೈರ್ ಎಂಜಿನ್ ಎಂದು ಕರೆದರು. ಅವರ ಮಟ್ಟಿಗೆ ಅದು ಸರಿಯೇ. ‘ಎಂಜಿನ್’ ಬಂದದ್ದು ಬುದ್ಧಿ, ಜಾಣ್ಮೆ ಎಂಬರ್ಥದ ಲ್ಯಾಟಿನ್ ಪದದಿಂದ. ಜಾಣತನದಿಂದ ಹೂಡಿದ ಯಾವ ಉಪಾಯಕ್ಕೂ ಆ ಹೆಸರು ಒಪ್ಪುತ್ತಿತ್ತು. ನಮ್ಮ ‘ಯಂತ್ರ’ಕ್ಕೂ ಒಂದು ಕಾಲದಲ್ಲಿ ಅಷ್ಟೇ ಅಗಲದ ಅರ್ಥವಿತ್ತು. ಆದರೆ ಕನ್ನಡಿಗರ ಬಾಯಿಗೆ ‘ಎಂಜಿನ್’ ಬಿದ್ದದ್ದು ರೈಲಿನ ಜೊತೆಗೆ. ನಮಗೆ ಅದು ಕಲ್ಲಿದ್ದಲನ್ನೋ ಡೀಸೆಲನ್ನೋ ತಿಂದು ತಾನಾಗಿ ಓಡುವ ವಸ್ತು. ಹುಡುಗಿ ಕೇಳಿದ್ದರಲ್ಲಿ ತಪ್ಪಿಲ್ಲ.

‘ಕೈಪಂಪು’ ಎಂದು ತಿದ್ದಿ ನೋಡಿದೆ. ಮಕ್ಕಳ ಕಣ್ಣಿಗೆ ಪಂಚಾಯತಿನ ಬೋರ್‌ವೆಲ್ ಬಂದು ನಿಲ್ಲುತ್ತದೆ. ‘ಅಗ್ನಿಶಾಮಕ ಯಂತ್ರ’ ಎಂದರೆ ಆಫೀಸಿನ ಗೋಡೆಗೆ ತೂಗುಹಾಕಿದ ಕೆಂಪು ಸಿಲಿಂಡರೂ ಆಗಬಹುದು.

ಹೀಗೆ ಒದ್ದಾಡುತ್ತಿದ್ದಾಗ ಅಕ್ಕಲಕೋಟೆ ಕಡೆಯ ಗೆಳೆಯರೊಬ್ಬರಿಗೆ ಫೋನಿನಲ್ಲಿ ಕಷ್ಟ ಹೇಳಿಕೊಂಡೆ. ಅವರು, “ಅದಕ್ಯಾಕ ಇಷ್ಟ್ ವಿಚಾರ ಮಾಡ್ತೀರಿ? ಬಂಬ ಅನ್ರಿ” ಎಂದರು. ಮರಾಠಿಯಲ್ಲಿ ಬೆಂಕಿ ಆರಿಸುವ ಗಾಡಿ ‘ಅಗ್ನಿಶಾಮಕ ಬಂಬ’. ಬರೀ ‘ಬಂಬ’ ಎಂದರೂ ಸಾಕು. ಸೊಲ್ಲಾಪುರದ ಸುತ್ತಿನ ಕನ್ನಡ ಮನೆಗಳಲ್ಲಿ ಅದೇ ಪದ ಹೊಕ್ಕಿದೆ. ಅದೇ ಮನೆಗಳ ಬಚ್ಚಲಲ್ಲಿ ಇನ್ನೊಂದು ಬಂಬವೂ ಇರುತ್ತಿತ್ತಂತೆ: ನಡುವೆ ಕೆಂಡದ ಕೊಳವೆ, ಸುತ್ತ ನೀರು, ಕೆಳಗೆ ನಲ್ಲಿ ಇರುವ ತಾಮ್ರದ ಹಂಡೆ. ಒಂದು ಬಂಬ ಬೆಂಕಿಯಿಂದ ನೀರು ಕಾಯಿಸುತ್ತದೆ, ಇನ್ನೊಂದು ನೀರಿನಿಂದ ಬೆಂಕಿ ಆರಿಸುತ್ತದೆ. ಎರಡಕ್ಕೂ ಒಂದೇ ಹೆಸರು ಹೇಗೆ ಬಂತು ಎಂಬುದು ಬೇರೆಯೇ ಚರ್ಚೆಯಾದೀತು. ಸೊಲ್ಲಾಪುರ, ಜತ್ತ ಕಡೆಯವರು ದಯವಿಟ್ಟು ಬರೆಯಿರಿ.

ಗಾಡಿಯ ‘ಬಂಬ’ದ ಮೂಲ ಪೋರ್ಚುಗೀಸರ ‘ಬೊಂಬಾ’. ಅಲ್ಲಿ ಅದಕ್ಕೆ ಪಂಪು ಎಂಬ ಅರ್ಥ. ಬೆಂಕಿ ಆರಿಸುವವನು ‘ಬೊಂಬೇರೊ’, ಅಂದರೆ ಪಂಪಿನವನು. ನನಗೆ ಈ ಹೆಸರು ಹಿಡಿಸಿದ್ದು ಇದೇ ಕಾರಣಕ್ಕೆ. ಇಂಗ್ಲಿಷಿನ ಹೆಸರು ಬೆಂಕಿಯನ್ನು ನೋಡಿ ಹುಟ್ಟಿದ್ದು, ಪೋರ್ಚುಗೀಸರ ಹೆಸರು ಕೈಯಲ್ಲಿ ಹಿಡಿದ ಸಾಧನವನ್ನು ನೋಡಿ ಹುಟ್ಟಿದ್ದು. ಆಮೇಲೆ ಈ ಪದ ಕನ್ನಡದ ಸಮಾಸಕ್ಕೂ ಒಗ್ಗುತ್ತದೆ. ಜನ ಜಗ್ಗುವುದು ಕೈಬಂಬ. 1829ರ ಹೊತ್ತಿಗೆ ಲಂಡನ್ನಿನಲ್ಲಿ ಬ್ರೈತ್‌ವೈಟ್ ಮತ್ತು ಎರಿಕ್ಸನ್ ಕಟ್ಟಿದ, ಉಗಿಯ ಬಲದಿಂದ ನೀರು ಚಿಮ್ಮಿಸುವ ಯಂತ್ರ ಉಗಿಬಂಬ. ಅದನ್ನು ಎಳೆಯಲು ಕುದುರೆಗಳೇ ಬೇಕಿತ್ತು, ಉಗಿ ನಡೆಸುತ್ತಿದ್ದದ್ದು ಪಂಪನ್ನು ಮಾತ್ರ. ಈ ವ್ಯತ್ಯಾಸವನ್ನು ‘ಸ್ಟೀಮ್ ಫೈರ್ ಎಂಜಿನ್’ ಮಕ್ಕಳಿಗೆ ಮುಟ್ಟಿಸಲಾರದು. ಅವರು ಹಳಿಯಿಲ್ಲದ ರೈಲನ್ನೇ ಕಲ್ಪಿಸಿಕೊಳ್ಳುತ್ತಾರೆ. ಮೋಟಾರು ಬಂದ ಮೇಲಿನ ಗಾಡಿಗೆ ನಾವೆಲ್ಲ ಹೇಳುವ ಫೈರ್ ಎಂಜಿನ್ನೇ ಇರಲಿ ಎಂದು ನನ್ನ ಅಭಿಪ್ರಾಯ.

ಒಂದು ತೊಡಕು ಇದೆ. ಪೋರ್ಚುಗೀಸಿನ ‘ಬೊಂಬಾ’ಕ್ಕೆ ಸ್ಫೋಟಕವೆಂಬ ಅರ್ಥವೂ ಇದೆ, ಕನ್ನಡದ ಕಿವಿಗೆ ಬಂಬವೂ ಬಾಂಬೂ ತೀರಾ ಹತ್ತಿರ. ನನ್ನ ಬರಹದಲ್ಲಿ ಇವು ಒಂದೇ ಪುಟದಲ್ಲಿ ಎದುರಾಗುತ್ತವೆ. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ‘ಫೋರ್ಟ್ ಸ್ಟಿಕೀನ್’ ಹಡಗಿಗೆ ಬೆಂಕಿ ಹತ್ತಿತು. ಹಡಗಿನೊಳಗೆ ಹತ್ತಿಯ ಮೂಟೆಗಳೂ ಇದ್ದವು, ಸಾವಿರ ಟನ್ನಿಗೂ ಮೀರಿ ಸ್ಫೋಟಕಗಳೂ ಇದ್ದವು. ಬೆಂಕಿ ಆರಿಸಲು ಹೋದವರು ನೀರು ಬಿಡುತ್ತಿದ್ದ ಹಾಗೆಯೇ ಸಂಜೆ ನಾಲ್ಕರ ಸುಮಾರಿಗೆ ಹಡಗು ಸಿಡಿಯಿತು. ಅಗ್ನಿಶಾಮಕ ದಳದ 66 ಮಂದಿ ತೀರಿಕೊಂಡರು. ದೇಶ ಏಪ್ರಿಲ್ 14ನ್ನು ನೆನೆಯುವುದು ಅವರಿಗಾಗಿಯೇ. ಈ ಪುಟವನ್ನು ಮಕ್ಕಳ ಎದುರು ಗಟ್ಟಿಯಾಗಿ ಓದುವಾಗ ಬಂಬ, ಬಾಂಬು ಅದಲುಬದಲಾಗಿ ಕೇಳಬಾರದು. ಅದೊಂದು ಕಡೆ ಬೇರೆ ಪದ ಹಾಕಲೇ? ಅಥವಾ ಮೊದಲ ಪುಟದಲ್ಲೇ ಅರ್ಥ ಬಿಡಿಸಿ ಹೇಳಿ ಉಳಿಸಿಕೊಳ್ಳಲೇ?

ಕ್ರಿಯಾಪದದ ವಿಷಯದಲ್ಲಿ ಮಾತ್ರ ನನಗೆ ಹೊರಗೆ ಹುಡುಕಬೇಕಾಗಿ ಬರಲಿಲ್ಲ. ನಮ್ಮ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವಾಗ ಮರದ ಬುಡದಲ್ಲಿ ಒಬ್ಬ ಹಿಡಿಯನ್ನು ಹಿಂದೆ ಮುಂದೆ ಜಗ್ಗುತ್ತಾನೆ, ಮೇಲೆ ಹತ್ತಿದವನ ಕೈಯಲ್ಲಿ ಮೂತಿ ಇರುತ್ತದೆ. ಕೆಳಗಿನವನು ‘ಪಂಪು ಹೊಡೆಯುವವ’, ಮೇಲಿನವನು ‘ಮದ್ದು ಬಿಡುವವ’. ಹೊಡೆಯುವುದು, ಬಿಡುವುದು: ಎರಡು ಕೆಲಸ, ಎರಡು ಸೊಗಸಾದ ಕ್ರಿಯಾಪದ. ಗಾಳಿ ತುಂಬಿದ ಪಾತ್ರೆ ಒತ್ತುವುದರಿಂದ ನೀರು ತಡೆತಡೆದು ಬೀಳದೆ ಒಂದೇ ಧಾರೆಯಾಗಿ ಬರುವ ಗುಟ್ಟೂ ಎರಡು ಕಡೆ ಒಂದೇ. ನ್ಯೂಶಮ್ಮನ ಯಂತ್ರದ ಮೆಟ್ಟುಹಲಗೆಗಂತೂ ನಮ್ಮ ಏತ ನೆನಪಾಯಿತು. ಒಬ್ಬ ಮೇಲಿನ ಮರದ ಮೇಲೆ ಆಚೆ ಈಚೆ ನಡೆಯುತ್ತಾ ಮೈಭಾರದಿಂದಲೇ ನೀರೆತ್ತುವುದು, ಎತ್ತಿದ ನೀರು ಅಡಿಕೆಮರದ ದಂಬೆಯಲ್ಲಿ ತೋಟಕ್ಕೆ ಹರಿಯುವುದು. ‘ಏತ ತುಳಿ’ ಎಂಬ ಮಾತನ್ನು ಹಾಗೆಯೇ ತೆಗೆದುಕೊಂಡು ‘ಬಂಬ ತುಳಿದರು’ ಎಂದು ಬರೆದಿದ್ದೇನೆ. ಹುಡುಗಿಗೆ ಒಂದೇ ಸಲಕ್ಕೆ ಅರ್ಥವಾಯಿತು.

ಬಂಬಕ್ಕಿಂತ ಹಿಂದಿನ ಸಾಧನಕ್ಕೂ ನಮ್ಮಲ್ಲೇ ಪದವಿದೆ ಎಂಬುದು ನನಗೆ ಬಹಳ ಸಂತೋಷ ಕೊಟ್ಟ ವಿಷಯ. 1666ರ ಮಹಾ ಅಗ್ನಿಯ ಕಾಲದ ಲಂಡನ್ನಿನಲ್ಲಿ ಬಾಲ್ದಿ, ಕೊಕ್ಕೆಗಳ ಜೊತೆಗೆ ಹಿತ್ತಾಳೆಯ ದೊಡ್ಡ ಪಿಚಕಾರಿಗಳಿದ್ದವು. ಇಬ್ಬರು ಎರಡು ಪಕ್ಕದಿಂದ ಎತ್ತಿ ಹಿಡಿಯಬೇಕು, ಮೂರನೆಯವನು ಹಿಂದಿನಿಂದ ಒತ್ತಬೇಕು. ಇದಕ್ಕೆ ಹಳೆಗನ್ನಡದ ‘ಜೀರ್ಕೊಳವೆ’ ಇದೆ. ನೀರಾಟದ, ಓಕುಳಿಯ ಮಾತು ಬಂದಲ್ಲಿ ಕಾಣುವ ಪದ. ಓಕುಳಿಯ ಪದವನ್ನು ಊರು ಸುಡುವ ಹೊತ್ತಿಗೆ ತರುವುದು ಹೊಂದುತ್ತದೆಯೇ ಎಂದು ಯೋಚಿಸಿದೆ. ‘ಜೀರ್’ ಎಂದು ನೀರು ಚಿಮ್ಮುವ ಸದ್ದು ಎರಡು ಕಡೆಯೂ ಅದೇ ಅಲ್ಲವೇ? ನಾನು ಉಳಿಸಿಕೊಳ್ಳುವವನಿದ್ದೇನೆ. ಚರ್ಮದ ಹೋಸಿಗೆ ಮಾತ್ರ ಮನಸ್ಸಿಗೆ ಒಪ್ಪುವ ಪದ ಸಿಕ್ಕಿಲ್ಲ. ಕೊಳವೆ ಎಂದರೆ ಬಾಗದ ವಸ್ತು. ಈ ಹೋಸನ್ನು 1670ರ ದಶಕದಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಮೊದಲು ಮಾಡಿಸಿದ ಡಚ್ಚರು ಹಾವು ಎಂದೇ ಕರೆದರು. ನಾವು ‘ತೊಗಲಿನ ಪೈಪು’ ಎಂದು ಸುಮ್ಮನಿರೋಣ ಎನಿಸುತ್ತದೆ.

ಇನ್ನು ಆಳುಗಳ ವಿಷಯ. ಇದು ನನಗೆ ಯಂತ್ರಕ್ಕಿಂತ ಮುಖ್ಯ.

ಕರ್ನಾಟಕದಲ್ಲಿ ‘ಅಗ್ನಿಶಾಮಕ’ ಎಂದರೆ ಇಲಾಖೆಯೂ ಹೌದು, ಹುದ್ದೆಯೂ ಹೌದು, ಗಾಡಿಗೆ ಹಚ್ಚುವ ವಿಶೇಷಣವೂ ಹೌದು. ಕಾಸರಗೋಡಿನಲ್ಲಿ ನಾವು ಬಾಯಲ್ಲಿ ಹೇಳುವುದು ‘ಫಯರ್ ಫೋರ್ಸ್’. ಗುಡ್ಡೆಯ ಮುಳಿಹುಲ್ಲಿಗೆ ಬೆಂಕಿ ಬಿದ್ದರೆ “ಫಯರ್ ಫೋರ್ಸಿಗೆ ಫೋನು ಮಾಡಿ” ಎಂದೇ ಕೂಗುವುದು. ಬೋರ್ಡಿನಲ್ಲಿ ಓದುವುದು ಮಲಯಾಳದ ‘ಅಗ್ನಿರಕ್ಷಾನಿಲಯಂ’. ಸಂಸ್ಕೃತ ಓದಿದ ನನ್ನ ದೊಡ್ಡಪ್ಪ ಈ ಬೋರ್ಡು ಕಂಡಾಗಲೆಲ್ಲ ತಡೆದು ನಿಲ್ಲುತ್ತಿದ್ದರು. ಅವರು ಕಲಿತ ಅಗ್ನಿರಕ್ಷಣೆ ಅಗ್ನಿಹೋತ್ರದ ಬೆಂಕಿ ಆರದಂತೆ ಕಾಯುವುದು. ಬೋರ್ಡಿನದು ಅಗ್ನಿಯಿಂದ ರಕ್ಷೆ. ಒಂದೇ ಸಮಾಸ, ವಿಭಕ್ತಿ ಬದಲಾದರೆ ಅರ್ಥ ತಲೆಕೆಳಗು. ಆದೋನಿ ಕಡೆಯ ಕನ್ನಡಿಗರು ತೆಲುಗಿನ ‘ಅಗ್ನಿಮಾಪಕ’ ಓದುತ್ತಾರೆ. ನಮಗೆ ಮಾಪಕವೆಂದರೆ ಅಳೆಯುವ ಸಾಧನ. ಹೊಸೂರಿನವರ ಕಣ್ಣೆದುರು ಇರುವುದು ‘ತೀಯಣೈಪ್ಪು’, ಅಚ್ಚ ತಮಿಳು, ಅಗ್ನಿಯ ಹಂಗೇ ಇಲ್ಲ. ಒಂದೇ ಬಣ್ಣದ ಗಾಡಿಗೆ ಗಡಿಯ ಕನ್ನಡಿಗರು ಇಷ್ಟು ಹೆಸರು ಓದುತ್ತೇವೆ. ಆದರೆ ಆ ಗಾಡಿಯಿಂದ ಇಳಿದು ಬರುವ ಮನುಷ್ಯನಿಗೆ ಮನೆಮಾತಿನಲ್ಲಿ ಏನು ಹೇಳುತ್ತೇವೆ?

ಲಂಡನ್ನಿನ ಕಥೆಯಲ್ಲಿ ಆ ಮನುಷ್ಯ ಕಾಲಕಾಲಕ್ಕೆ ಬದಲಾಗುತ್ತಾನೆ. ಮೊದಲು ವಿಮಾ ಕಂಪೆನಿಗಳು ತಮ್ಮ ತಮ್ಮ ಬೆಂಕಿಪಡೆ ಇಟ್ಟುಕೊಂಡವು. ವಿಮೆ ಮಾಡಿಸಿದ ಮನೆಯ ಗೋಡೆಗೆ ಗುರುತಿಗಾಗಿ ಸೀಸದ ಬಿಲ್ಲೆ ಹೊಡೆಯುತ್ತಿದ್ದರು. ಈ ಪಡೆಗಳಿಗೆ ಸೇರಿದವರಲ್ಲಿ ಹೆಚ್ಚಿನವರು ಥೇಮ್ಸ್ ನದಿಯ ದೋಣಿಯವರು. 1824ರಲ್ಲಿ ಎಡಿನ್‌ಬರೋದಲ್ಲಿ ಜೇಮ್ಸ್ ಬ್ರೇಡ್‌ವುಡ್ ಪಡೆ ಕಟ್ಟಿದಾಗ ಆರಿಸಿಕೊಂಡದ್ದು ಮಾಡು ಹೊದೆಸುವವರನ್ನು, ಬಡಗಿಗಳನ್ನು, ಗಾರೆಯವರನ್ನು, ಅಂದರೆ ಕಟ್ಟಡದ ಮೈ ಬಲ್ಲವರನ್ನು. 1833ರಲ್ಲಿ ವಿಮಾ ಕಂಪೆನಿಗಳ ಪಡೆಗಳನ್ನು ಲಂಡನ್ನಿನಲ್ಲಿ ಒಂದುಗೂಡಿಸಿದಾಗ ಅವನೇ ಮುಖ್ಯಸ್ಥನಾದ. ಆಗ ಸಂಬಳದಾಳುಗಳು ಎಂಬತ್ತು ಮಂದಿ ಮಾತ್ರ. ದೊಡ್ಡ ಕೈಬಂಬ ಒಂದಕ್ಕೇ ಇಪ್ಪತ್ತಕ್ಕೂ ಹೆಚ್ಚು ಜನ ಬೇಕು, ಬೇಗ ಬೇಗ ಕೈ ಬದಲಿಸಬೇಕು. ಹಾಗಾಗಿ ನೋಡಲು ನೆರೆದವರನ್ನೇ ಕರೆದು ಗಂಟೆಗಿಷ್ಟು ಎಂದು ಕೂಲಿ, ಮೇಲೆ ಬಿಯರ್ ಕೊಟ್ಟು ಜಗ್ಗಿಸುತ್ತಿದ್ದರು. ಬಿಯರ್ ಬರುವುದು ತಡವಾದರೆ ಅವರು ಅದನ್ನೇ ರಾಗವಾಗಿ ಕೂಗುತ್ತಾ ಕೈ ನಿಲ್ಲಿಸುತ್ತಿದ್ದರಂತೆ. ನಮ್ಮ ಕಡಪ್ಪುರದಲ್ಲಿ ದೋಣಿ ಎಳೆಯುವವರ ಐಲೇಸಾದ ಹಾಗೆ ಆ ರಾಗಕ್ಕೆ ಕೈಯೂ ಹೊಂದುತ್ತಿದ್ದಿರಬೇಕು.

1861ರ ಜೂನ್ 22ರಂದು ಟೂಲಿ ಬೀದಿಯ ಗೋದಾಮುಗಳು ಉರಿದಾಗ ಬ್ರೇಡ್‌ವುಡ್ ಗೋಡೆ ಬಿದ್ದು ಸತ್ತ. ಮುಂದೆ ಐದು ವರ್ಷಕ್ಕೆ ಪಡೆ ಸಾರ್ವಜನಿಕ ಆಡಳಿತಕ್ಕೆ ಬಂತು. ಹೊಸ ಮುಖ್ಯಸ್ಥ ಕ್ಯಾಪ್ಟನ್ ಶಾ ನಾವಿಕರನ್ನೇ ಬಯಸಿ ತೆಗೆದುಕೊಂಡ. ಹಗ್ಗ ಹತ್ತುವುದು, ಹಗಲಿರುಳೆನ್ನದೆ ಎದ್ದು ನಿಲ್ಲುವುದು ಅವರಿಗೆ ರೂಢಿ. ಹಡಗಿನ ‘ವಾಚ್’ ಎಂಬ ಮಾತು ಇಂದಿಗೂ ಬ್ರಿಟನ್ನಿನ ಅಗ್ನಿಶಾಮಕ ಠಾಣೆಗಳಲ್ಲಿದೆ. ಒಂದೇ ಪಾಳಿಯಲ್ಲಿ ದುಡಿಯುವ ತಂಡಕ್ಕೆ ಆ ಹೆಸರು. ಇದಕ್ಕೆ ‘ಪಾಳಿ’ ಎಂದರೆ ಗಿರಣಿಯ ವಾಸನೆ ಬರುತ್ತದೆ. ‘ಜಾವ’ ನನಗೆ ಹೆಚ್ಚು ಸರಿ ಕಾಣುತ್ತದೆ, ರಾತ್ರಿ ಕಾವಲಿನ ನೆನಪು ಅದರಲ್ಲಿದೆ. ಆದರೆ ಜಾವ ಹೊತ್ತನ್ನು ಹೇಳುತ್ತದೆ, ಜನರನ್ನು ಹೇಳುವುದಿಲ್ಲ. ಅಲ್ಲಿ ತಂಡಗಳಿಗೆ ಬಣ್ಣದ ಹೆಸರು; ‘ರೆಡ್ ವಾಚ್’ಗೆ ‘ಕೆಂಪು ಜಾವದವರು’ ಎಂದರೆ ನಡೆದೀತೇ?

ಇನ್ನು ಆ ಮನುಷ್ಯನಿಗೆ ನಾನು ಬರೆದಿಟ್ಟ ಪದ ‘ಬಂಬಿಗ’. ಪೋರ್ಚುಗೀಸರು ಬೊಂಬಾದಿಂದ ಬೊಂಬೇರೊ ಮಾಡಿಕೊಂಡ ಹಾಗೆಯೇ ಬಂಬದಿಂದ ಬಂಬಿಗ. ಇದು ಅಂಬಿಗನಿಗೆ ಪ್ರಾಸವಾಗಿ ಬಂದು ಕೂತದ್ದು ನನ್ನ ಪುಣ್ಯ. ಮೊದಲ ಬಂಬಿಗರು ನಿಜಕ್ಕೂ ಅಂಬಿಗರೇ ಆಗಿದ್ದರಲ್ಲ! ಆದರೆ ಯಾರೂ ಆಡದ ಪದವನ್ನು ಮಕ್ಕಳ ಕೈಗೆ ಕೊಡಲು ಮನಸ್ಸು ಹಿಂಜರಿಯುತ್ತದೆ. ಕೇರಳದಲ್ಲಿ ‘ಫಯರ್‌ಮ್ಯಾನ್’ ಹೋಗಿ ‘ಫಯರ್ ಆಂಡ್ ರೆಸ್ಕ್ಯೂ ಆಫೀಸರ್’ ಬಂದಿದೆ, ಹೆಣ್ಣುಮಕ್ಕಳೂ ಸೇರುತ್ತಿದ್ದಾರೆ. ಶಿಬಿರಕ್ಕೆ ಬರುವ ಹುಡುಗಿಯರು “ನಾನೂ ಆಗುತ್ತೇನೆ” ಎನ್ನುವಾಗ ಬಾಯಿಗೆ ಸಲೀಸಾಗಿ ಬರುವ ಪದ ಬೇಕು. ಬಂಬಿಗ ಆಗದಿದ್ದರೆ ‘ಬಂಬದವರು’ ಎಂಬ ಬಹುವಚನವೇ ಸಾಕೇ? ಸೊಲ್ಲಾಪುರದಲ್ಲಿ ಬಂಬದ ಗಾಡಿಯವರನ್ನು ಏನೆಂದು ಕರೆಯುತ್ತಾರೆ?

ಹೊಸೂರು, ತಾಳವಾಡಿ, ಆದೋನಿ, ಮಡಕಶಿರಾ ಕಡೆಯವರು ಮನೆಯಲ್ಲಿ, ಅದರಲ್ಲೂ ಅಜ್ಜ ಅಜ್ಜಿಯರು ಹೇಳುವ ಪದ ಯಾವುದಿದ್ದರೂ ಬರೆಯಿರಿ. ಇಂಗ್ಲಿಷಿನದು ಸವೆದು ಬೇರೆ ರೂಪ ತಾಳಿದ್ದರೆ ಅದೂ ಬೇಕು. ಮಂಗಳೂರು, ಕಾಸರಗೋಡಿನ ಕೊಂಕಣಿ ಮನೆಗಳಲ್ಲಿ ಬೊಂಬಾದ ಯಾವ ರೂಪವಾದರೂ ಉಳಿದಿದೆಯೇ ಎಂಬುದು ನನಗೆ ತುಂಬ ಬೇಕಾದ ಮಾಹಿತಿ. ಉಳಿದಿದ್ದರೆ ಬಂಬ ನಮ್ಮ ಕರಾವಳಿಗೂ ಹೊಸದಲ್ಲ ಎಂದು ಧೈರ್ಯವಾಗಿ ಬರೆಯಬಹುದು. ಬರಹ ಮಾರ್ಚ್ ಕೊನೆಯ ವಾರ ಅಚ್ಚಿಗೆ ಹೋಗುತ್ತದೆ. ಅಷ್ಟರೊಳಗೆ ನಿಮ್ಮ ಉತ್ತರ ಸಿಕ್ಕಿದರೆ ಉಪಕಾರ.