ಮೆಗ್ನೀಸಿಯಂ ಆಕ್ಸೈಡಿನ ಸೂತ್ರದಲ್ಲಿ ಅಂಕಿಗಳು ಏಕಿಲ್ಲ?

ಪ್ರಶ್ನೆ:
ನನ್ನ ಮಗಳು ಕನ್ನಡ ಮಾಧ್ಯಮದಲ್ಲಿ 9ನೇ ತರಗತಿ ಓದುತ್ತಿದ್ದಾಳೆ. ವೇಲೆನ್ಸಿಗಳನ್ನು (ಧಾತುಗಳ ಸಂಯೋಗ ಸಾಮರ್ಥ್ಯ ಸೂಚಿಸುವ ಅಂಕಿಗಳನ್ನು) ಅದಲುಬದಲು ಮಾಡಿ ಬರೆದರೆ ಅಲ್ಯೂಮಿನಿಯಂ ಆಕ್ಸೈಡಿಗೆ ಎರಡು ಅಲ್ಯೂಮಿನಿಯಂ, ಮೂರು ಆಕ್ಸಿಜನ್ ಎಂದು ಸರಿಯಾಗಿಯೇ ಬರುತ್ತದೆ. ಅದೇ ಕ್ರಮದಲ್ಲಿ ಮೆಗ್ನೀಸಿಯಂ ಆಕ್ಸೈಡಿಗೆ ಎರಡೆರಡು ಬರುತ್ತದಾದರೂ ಪುಸ್ತಕದಲ್ಲಿ ಒಂದೊಂದೇ ಇದೆ. ಕ್ಯಾಲ್ಸಿಯಂ ಹೈಡ್ರಾಕ್ಸೈಡಿನಲ್ಲಿ ಆವರಣ ಚಿಹ್ನೆ ಏಕೆಂಬುದನ್ನೂ ದಯವಿಟ್ಟು ತಿಳಿಸಿ.

ಉತ್ತರ 1:
ಅಯಾನಿಕ ಸಂಯುಕ್ತದ, ಅಂದರೆ ಧನ ಮತ್ತು ಋಣ ಆವೇಶವುಳ್ಳ ಕಣಗಳಿಂದ (ಅಯಾನುಗಳಿಂದ) ಆದ ವಸ್ತುವಿನ, ಹರಳಿನಲ್ಲಿ ಬಿಡಿಬಿಡಿ ಅಣುಗಳೇ ಇರುವುದಿಲ್ಲವೆಂದು ಮೊದಲು ಅವಳಿಗೆ ಹೇಳಿರಿ. ಅಡುಗೆ ಉಪ್ಪಿನಲ್ಲಿ ಪ್ರತಿ ಸೋಡಿಯಂ ಅಯಾನಿನ ಸುತ್ತ 6 ಕ್ಲೋರೈಡ್ ಅಯಾನುಗಳೂ, ಪ್ರತಿ ಕ್ಲೋರೈಡಿನ ಸುತ್ತ 6 ಸೋಡಿಯಂ ಅಯಾನುಗಳೂ ಇರುವುದರಿಂದ, ಯಾವುದು ಯಾವುದರ ಜೋಡಿಯೆಂದು ಗುರುತಿಸಲಾಗದು. ಸೂತ್ರವು ತಿಳಿಸುವುದು ಅವುಗಳ ಅತಿ ಸರಳ ಅನುಪಾತವನ್ನು ಮಾತ್ರ. ಮೆಗ್ನೀಸಿಯಂ ಅಯಾನಿನ 2 ಧನಾವೇಶವನ್ನು ಆಕ್ಸೈಡಿನ 2 ಋಣಾವೇಶ ಸರಿದೂಗಿಸುತ್ತದೆಯಾದ್ದರಿಂದ ಒಂದಕ್ಕೊಂದು ಸಾಕು. ಅದಲುಬದಲು ಮಾಡುವುದು ಕೇವಲ ಸುಲಭೋಪಾಯ; ಆವೇಶಗಳ ಮೊತ್ತ ಸೊನ್ನೆಯಾಗಬೇಕೆಂಬುದೇ ನಿಜವಾದ ನಿಯಮ. ಮಕ್ಕಳಿಗೆ ಇದನ್ನೇ ಮೊದಲು ಕಲಿಸಬೇಕೆಂದು ನನ್ನ ದೃಢ ಅಭಿಪ್ರಾಯ.

ಉತ್ತರ 2:
ಆವರಣದ ಬಗ್ಗೆ: ಹೈಡ್ರಾಕ್ಸೈಡ್ ಎಂಬುದು ಆಕ್ಸಿಜನ್ ಮತ್ತು ಹೈಡ್ರೋಜನ್ ಸೇರಿದ ಒಂದೇ ಅಯಾನು. ಗೋಡೆಗೆ ಬಳಿಯುವ ಅರಳಿದ ಸುಣ್ಣದಲ್ಲಿ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡಿನಲ್ಲಿ, ಪ್ರತಿ ಕ್ಯಾಲ್ಸಿಯಂ ಅಯಾನಿಗೆ ಅಂತಹ ಎರಡು ಅಯಾನುಗಳಿವೆ. ಆವರಣವಿಲ್ಲದೆ 2 ಎಂದು ಬರೆದರೆ ಅದು ಹೈಡ್ರೋಜನ್ನಿಗೆ ಮಾತ್ರ ಅನ್ವಯಿಸುತ್ತದೆ.

ಉತ್ತರ 3:
ಒಂದು ಎಚ್ಚರಿಕೆ. ಸೋಡಿಯಂ ಪೆರಾಕ್ಸೈಡಿನಲ್ಲಿರುವ ಎರಡೆರಡನ್ನು ಒಂದೊಂದಕ್ಕೆ ಇಳಿಸಬಾರದು. ಅಲ್ಲಿ ಎರಡು ಆಕ್ಸಿಜನ್ ಪರಮಾಣುಗಳು ಪರಸ್ಪರ ಬಂಧಗೊಂಡು, 2 ಋಣಾವೇಶವುಳ್ಳ ಒಂದೇ ಅಯಾನಾಗಿವೆ.