ಹೊಸ ಲ್ಯಾಪ್‌ಟಾಪ್ ಆರ್ಡರ್ ಮಾಡಬೇಕು, ಜೊತೆಗೆ ಬರುವ ಕಸ ಬೇಡ. ಏನು ಮಾಡಲಿ?

ನಿಧಾನಗಾಮಿ:

ನನ್ನ ಒಂಬತ್ತು ವರ್ಷದ ಲ್ಯಾಪ್‌ಟಾಪ್ ಇನ್ನು ಆಗದು ಎನ್ನುತ್ತಿದೆ. ಹಿಂಜ್ ಒಂದು ಕಡೆ ಕಿತ್ತಿದೆ, ತೆರೆಯಬೇಕಾದರೆ ಒಂದು ಕೈಯಲ್ಲಿ ಬುಡ ಹಿಡಿದು ಇನ್ನೊಂದರಲ್ಲಿ ಪರದೆ ಎತ್ತಬೇಕು. ಒಳಗಿರುವುದು ವಿಂಡೋಸ್ 10. ಅದರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗಿಯಿತು. 11 ಹಾಕೋಣ ಅಂದರೆ ಪ್ರೊಸೆಸರ್ ಹಳೆಯದು ಅಂತ ಅದು ಒಪ್ಪುತ್ತಿಲ್ಲ.

ಹಾಗಾಗಿ ಹೊಸದು ತೆಗೆದುಕೊಳ್ಳುವುದು ಖಾಯಂ. ದೊಡ್ಡ ಎಕ್ಸೆಲ್ ಫೈಲುಗಳು, ಬ್ರೌಸರ್‌ನಲ್ಲಿ ಮೂವತ್ತು ಟ್ಯಾಬು, ವಿಡಿಯೋ ಕಾಲ್, ಆಗೊಮ್ಮೆ ಈಗೊಮ್ಮೆ ಫೋಟೋ ತಿದ್ದುವುದು, ಇಷ್ಟೇ ಕೆಲಸ. ಗೇಮ್ ಆಡುವುದಿಲ್ಲ.

ನನ್ನ ತಲೆನೋವು ಬೇರೆ. ಹಳೆಯದನ್ನು ತಂದ ದಿನ ಆನ್ ಮಾಡಿದರೆ ಡೆಸ್ಕ್‌ಟಾಪ್ ತುಂಬ ಗುರುತು ಪರಿಚಯವಿಲ್ಲದ ಐಕಾನುಗಳು. ಒಂದು ತಿಂಗಳ ಟ್ರಯಲ್ ಆಂಟಿವೈರಸ್ ಇತ್ತು. ಅದು ಮುಗಿದ ಮೇಲೆ ದಿನಕ್ಕೆ ನಾಲ್ಕು ಸಲ ‘ನೀವು ಅಪಾಯದಲ್ಲಿದ್ದೀರಿ’ ಅಂತ ಹೆದರಿಸುತ್ತಿತ್ತು. ಕಂಪನಿಯ ಕಡೆಯಿಂದ ‘ಸಹಾಯ ಮಾಡುವ’ ಆ್ಯಪ್ ಮೂರಿದ್ದವು, ಮೂರೂ ಒಂದೇ ವಿಷಯಕ್ಕೆ ಬೇರೆ ಬೇರೆ ಕಿಟಕಿ ತೆಗೆಯುತ್ತಿದ್ದವು. ಕೋಪ ಬಂದು ಸಿಕ್ಕಿದ್ದನ್ನೆಲ್ಲ ಕಿತ್ತು ಹಾಕಿದೆ, ಆಮೇಲೆ ನೋಡಿದರೆ ಬ್ರೈಟ್‌ನೆಸ್ ಕೀ ಕೆಲಸ ಮಾಡುತ್ತಿಲ್ಲ.

ಈ ಸಲ ಅದೆಲ್ಲ ಬೇಡ. ಕಸವಿಲ್ಲದೆ ಆರ್ಡರ್ ಮಾಡಲು ಆಗುತ್ತದಾ? ಬಂದ ದಿನವೇ ಫಾರ್ಮ್ಯಾಟ್ ಮಾಡಿದರೆ ದುಡ್ಡು ಕೊಟ್ಟ ವಿಂಡೋಸ್ ಹೋಗಿಬಿಡುತ್ತದಾ, ವಾರಂಟಿ ಕಥೆ ಏನು? ಇನ್ನೊಂದು. ನಾನು ನೋಡಿಟ್ಟ ಮಾಡೆಲ್ ಒಂದೇ ಹೆಸರಲ್ಲಿ ಎರಡು ಬೆಲೆಗೆ ಇದೆ. ಎರಡರಲ್ಲೂ ಪ್ರೊಸೆಸರ್ ರೈಜೆನ್ 5, ಎರಡೂ 7000 ಸರಣಿ. ವ್ಯತ್ಯಾಸ ಎಲ್ಲಿದೆ ಅಂತ ಗೊತ್ತಾಗುತ್ತಿಲ್ಲ.

ಸ್ಕ್ರೂಡ್ರೈವರ್:

ಕೊನೆಯದಕ್ಕೆ ಮೊದಲು ಉತ್ತರ ಹೇಳುತ್ತೇನೆ, ಯಾಕೆಂದರೆ ಸಾಫ್ಟ್‌ವೇರ್ ಆಮೇಲೂ ಬದಲಾಯಿಸಬಹುದು, ಇದನ್ನು ಆಗುವುದಿಲ್ಲ. ರೈಜೆನ್ 7000 ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಮೊದಲ ಅಂಕಿ ನೋಡಿ ಮೋಸ ಹೋಗಬೇಡಿ, ಮೂರನೇ ಅಂಕಿ ನೋಡಿ. 7520ಯು ಅಂದರೆ ಒಳಗಿರುವುದು ಝೆನ್ 2, ಅದು 2019ರಲ್ಲಿ ಬಂದ ವಿನ್ಯಾಸ. 7530ಯು ಝೆನ್ 3. 7540ಯು ಝೆನ್ 4. ಡಬ್ಬದ ಮೇಲೆ ಎಲ್ಲದಕ್ಕೂ ‘ರೈಜೆನ್ 5, 7000 ಸರಣಿ’ ಅಂತಲೇ ಬರೆದಿರುತ್ತಾರೆ. ನಿಮ್ಮ ಕಡಿಮೆ ಬೆಲೆಯದು 7520ಯು ಇರಬೇಕು ಅಂತ ನನ್ನ ಊಹೆ. ಅದರಲ್ಲಿ ಕೋರ್ ನಾಲ್ಕೇ, ಉಳಿದೆರಡರಲ್ಲಿ ಆರು. ಜೊತೆಗೆ ಅದರ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿ ಬರುತ್ತದೆ. 8 ಜಿಬಿ ತೆಗೆದುಕೊಂಡರೆ ಕೊನೆಯವರೆಗೂ 8 ಜಿಬಿಯೇ. ಮೂವತ್ತು ಟ್ಯಾಬ್ ತೆರೆಯುವವರಿಗೆ ಅದು ಸಾಲದು. 16ಕ್ಕಿಂತ ಕಡಿಮೆ ನೋಡಲೇಬೇಡಿ.

ಪರದೆಯ ವಿವರವನ್ನೂ ಓದಿ. ‘45 ಪರ್ಸೆಂಟ್ ಎನ್‌ಟಿಎಸ್‌ಸಿ, 250 ನಿಟ್ಸ್’ ಅಂತ ಇದ್ದರೆ (ಮೊದಲನೆಯದು ಬಣ್ಣದ ಅಳತೆ, ಎರಡನೆಯದು ಬೆಳಕಿನದು) ಬಣ್ಣ ಪೇಲವ, ಕಿಟಕಿ ಪಕ್ಕ ಕೂತರೆ ಪರದೆಯಲ್ಲಿ ನಿಮ್ಮ ಮುಖವೇ ಕಾಣುತ್ತದೆ. ಫೋಟೋ ತಿದ್ದುತ್ತೀರಿ ಅಂದಿರಲ್ಲ, ‘100 ಪರ್ಸೆಂಟ್ ಎಸ್‌ಆರ್‌ಜಿಬಿ’ ಇರುವುದನ್ನು ಹುಡುಕಿ.

ಇನ್ನು ವಿಂಡೋಸ್. ಹೋಗುವುದಿಲ್ಲ. ವಿಂಡೋಸ್ 8 ಬಂದಾಗಿನಿಂದ ಲ್ಯಾಪ್‌ಟಾಪ್ ಜೊತೆ ಬರುವ ಲೈಸೆನ್ಸ್ ಕೀ ಮದರ್‌ಬೋರ್ಡಿನ ಫರ್ಮ್‌ವೇರ್‌ನಲ್ಲೇ (ಡಿಸ್ಕಿನಲ್ಲಲ್ಲ, ಬೋರ್ಡಿನ ಚಿಪ್‌ನಲ್ಲೇ ಇರುವ ಸಾಫ್ಟ್‌ವೇರ್) ಕೂತಿರುತ್ತದೆ. ಡಿಸ್ಕ್ ಪೂರ್ತಿ ಅಳಿಸಿ ಮತ್ತೆ ಹಾಕಿದರೂ ಇನ್‌ಸ್ಟಾಲರ್ ಅದನ್ನು ತಾನೇ ಓದಿಕೊಳ್ಳುತ್ತದೆ. ಹೋಮ್ ಇದ್ದರೆ ಹೋಮ್, ಪ್ರೊ ಇದ್ದರೆ ಪ್ರೊ, ನಿಮ್ಮನ್ನು ಕೇಳುವುದೂ ಇಲ್ಲ. ಮೈಕ್ರೋಸಾಫ್ಟ್ ಸೈಟಿನಿಂದ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿ, 8 ಜಿಬಿ ಪೆನ್‌ಡ್ರೈವ್ ತಯಾರು ಮಾಡಿಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ಇರುವ ‘ರೀಸೆಟ್’ ಒತ್ತಬೇಡಿ, ಅದರಲ್ಲಿ ಕಂಪನಿಯ ಆ್ಯಪ್‌ಗಳು ವಾಪಸ್ ಬಂದು ಕೂರಬಹುದು.

ಹಾರ್ಡ್‌ವೇರ್ ವಾರಂಟಿಗೂ ಇದಕ್ಕೂ ಸಾಮಾನ್ಯವಾಗಿ ಸಂಬಂಧವಿಲ್ಲ. ನಾನಂತೂ ಪ್ರತಿ ಹೊಸ ಯಂತ್ರವನ್ನೂ ಮೊದಲ ಗಂಟೆಯಲ್ಲೇ ಅಳಿಸುತ್ತೇನೆ.

ಬಿಲ್ ಜೋಪಾನ:

ಸ್ಕ್ರೂಡ್ರೈವರ್ ಅವರೇ, ಮೊದಲ ಗಂಟೆಯಲ್ಲಿ ಅಳಿಸಿ ಅಂತ ಹೊಸಬರಿಗೆ ಹೇಳಬೇಡಿ. ನನ್ನ ಪಾಡು ಕೇಳಿ. ಬಂದ ದಿನವೇ ಫಾರ್ಮ್ಯಾಟ್ ಮಾಡಿದೆ, ಎರಡು ದಿನಕ್ಕೆ ಟಚ್‌ಪ್ಯಾಡ್ ಆಗೀಗ ಸತ್ತ ಹಾಗೆ ಆಗತೊಡಗಿತು. ಬದಲಿಸಿ ಕೊಡಿ ಅಂತ ಫೋನ್ ಮಾಡಿದರೆ ‘ನೀವು ಹಾಕಿಕೊಂಡ ವಿಂಡೋಸ್‌ನ ಸಮಸ್ಯೆ ಇರಬಹುದು, ಮೂಲ ಸ್ಥಿತಿಗೆ ತನ್ನಿ’ ಎಂದರು. ಮೂಲ ಸ್ಥಿತಿಗೆ ತರಲು ಡಿಸ್ಕಿನಲ್ಲಿ ಕಂಪನಿ ಇಟ್ಟಿರುವ ಭಾಗ, ಅಂದರೆ ರಿಕವರಿ ಪಾರ್ಟಿಷನ್ನೂ ಅಳಿಸಿಬಿಟ್ಟಿದ್ದೆ. ಅವರ ಜೊತೆ ವಾದ ಮಾಡುವಷ್ಟರಲ್ಲಿ ವಾಪಸ್ ಕೊಡುವ ಅವಧಿಯೇ ದಾಟಿತು. ಕೊನೆಗೆ ವಾರಂಟಿಯಲ್ಲಿ ರಿಪೇರಿ ಮಾಡಿಸಿಕೊಂಡೆ, ಹೊಸದಕ್ಕೆ ಹೊಸದು ಸಿಗಲಿಲ್ಲ.

ಆದ್ದರಿಂದ ಮೊದಲು ಬಂದ ಹಾಗೇ ಇಟ್ಟು ಪರೀಕ್ಷೆ ಮಾಡಿ. ಡಬ್ಬ ಬಿಚ್ಚುವುದನ್ನು ಒಂದೇ ಓಟದಲ್ಲಿ ವಿಡಿಯೋ ಮಾಡಿ, ಡಬ್ಬದ ಮೇಲಿನ ಸೀರಿಯಲ್ ನಂಬರೂ ಲ್ಯಾಪ್‌ಟಾಪ್ ಕೆಳಗಿನದೂ ಒಂದೇನಾ ನೋಡಿ. ಅದೇ ನಂಬರ್ ಕಂಪನಿ ಸೈಟಿಗೆ ಹಾಕಿದರೆ ವಾರಂಟಿ ಯಾವ ದಿನ ಶುರುವಾಗಿದೆ ಅಂತ ಗೊತ್ತಾಗುತ್ತದೆ. ನೀವು ಕೊಳ್ಳುವ ಎಷ್ಟೋ ತಿಂಗಳ ಹಿಂದೆಯೇ ಶುರುವಾಗಿದ್ದರೆ ಬಿಲ್ ಕಳಿಸಿ ಸರಿ ಮಾಡಿಸಿ, ಅವರು ಒಪ್ಪದಿದ್ದರೆ ಯಂತ್ರ ವಾಪಸ್ ಕಳಿಸಿ. ಪೂರ್ತಿ ಕಪ್ಪು, ಪೂರ್ತಿ ಬಿಳಿ ಚಿತ್ರ ಹಾಕಿ ಸತ್ತ ಪಿಕ್ಸೆಲ್ ಹುಡುಕಿ. ಎಲ್ಲ ಪೋರ್ಟಿಗೂ ಏನಾದರೂ ಚುಚ್ಚಿ ನೋಡಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ, ಸ್ಪೇಸ್, ಸ್ಲ್ಯಾಶ್, ಬ್ಯಾಟರಿರಿಪೋರ್ಟ್ ಅಂತ ಇಂಗ್ಲಿಷ್‌ನಲ್ಲಿ ಹೊಡೆದರೆ ಒಂದು ವರದಿ ಬರುತ್ತದೆ. ಅದರಲ್ಲಿ ಬ್ಯಾಟರಿ ಎಷ್ಟು ಸಲ ಚಾರ್ಜ್ ಆಗಿದೆ ಅಂತ ಬಹಳಷ್ಟು ಯಂತ್ರಗಳಲ್ಲಿ ಕಾಣುತ್ತದೆ. ‘ಹೊಸ’ ಲ್ಯಾಪ್‌ಟಾಪಲ್ಲಿ ಅದು ಎಪ್ಪತ್ತು ಎಂಬತ್ತು ಇದ್ದರೆ ಅದು ಹೊಸದಲ್ಲ, ಅಷ್ಟೇ.

ಆರ್ಡರ್ ಮಾಡುವಾಗ ಮಾಡೆಲ್ ಹೆಸರು ಸಾಲದು, ಪೂರ್ತಿ ಪಾರ್ಟ್ ನಂಬರ್ ತೆಗೆದುಕೊಂಡು ಕಂಪನಿ ಸೈಟಿನಲ್ಲಿ ಹೊಂದಿಸಿ ನೋಡಿ. ಕೆಲವು ಮಾರಾಟಗಾರರು ಡಬ್ಬ ತಾವೇ ಬಿಚ್ಚಿ, ಅಗ್ಗದ ರ‍್ಯಾಮ್ ಸೇರಿಸಿ ‘ಅಪ್‌ಗ್ರೇಡ್ ಮಾಡಿದ್ದು’ ಅಂತ ಮಾರುತ್ತಾರೆ. ಕಂಪನಿ ಪಟ್ಟಿಯಲ್ಲಿ ಆ ನಂಬರಿಗೆ 8 ಜಿಬಿ ಇದ್ದು ಜಾಹೀರಾತಿನಲ್ಲಿ 16 ಇದ್ದರೆ ಇದೇ ಕಥೆ.

ಸ್ಕ್ರೂಡ್ರೈವರ್:

ಸರಿ, ಒಪ್ಪಿದೆ. ಮೊದಲ ವಾರ ಹಾಗೇ ಇರಲಿ.

ಪೆಂಗ್ವಿನ್ ಪಕ್ಷ:

ಯಾರಾದರೂ ಹೇಳಲೇಬೇಕಲ್ಲ, ನಾನೇ ಹೇಳುತ್ತೇನೆ. ವಿಂಡೋಸ್ ಇಲ್ಲದೆ ಫ್ರೀಡಾಸ್ (ಹೆಸರಿಗೆ ಮಾತ್ರ ಇರುವ ಪುಕ್ಕಟೆ ಸಿಸ್ಟಂ) ಹಾಕಿ ಅಥವಾ ಉಬುಂಟು ಅನ್ನುವ ಲಿನಕ್ಸ್ ಹಾಕಿ ಮಾರುವ ಮಾಡೆಲ್‌ಗಳೂ ಇವೆ. ಅದರಲ್ಲಿ ಕಸದ ಪ್ರಶ್ನೆಯೇ ಬರುವುದಿಲ್ಲ. ಆದರೆ ನೀವು ದೊಡ್ಡ ಎಕ್ಸೆಲ್ ಫೈಲ್ ಅಂದಿರಿ. ಮ್ಯಾಕ್ರೋ ಇರುವ ಫೈಲುಗಳು ಲಿನಕ್ಸ್‌ನ ಪುಕ್ಕಟೆ ಲಿಬ್ರೆ ಆಫೀಸ್‌ನಲ್ಲಿ ಎಲ್ಲವೂ ಸರಿಯಾಗಿ ಓಡುತ್ತವೆ ಅಂತ ಪ್ರಮಾಣ ಮಾಡಲಾರೆ. ಆಮೇಲೆ ವಿಂಡೋಸ್ ಬೇಕು ಅನಿಸಿದರೆ ಲೈಸೆನ್ಸ್ ಬೇರೆ ಕೊಳ್ಳಬೇಕು, ಉಳಿಸಿದ ದುಡ್ಡು ಅಲ್ಲಿಗೇ ಹೋಗುತ್ತದೆ. ಹಾಗಾಗಿ ನಿಮಗೆ ವಿಂಡೋಸ್ ಇರುವುದೇ ಲೇಸು (ನಮ್ಮ ಪಕ್ಷದವರು ಇದನ್ನು ಓದದಿರಲಿ). ಕುತೂಹಲ ಇದ್ದರೆ ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಓಡಿಸಿ ನೋಡಿ, ಡಿಸ್ಕ್ ಮುಟ್ಟುವುದಿಲ್ಲ.

ಒಂದು ಎಚ್ಚರಿಕೆ. ‘ವಿಂಡೋಸ್ 11 ಎಸ್ ಮೋಡ್’ ಅಂತ ಇದ್ದರೆ ಗಾಬರಿ ಬೇಡ. ಅದರಲ್ಲಿ ಮೈಕ್ರೋಸಾಫ್ಟ್ ಸ್ಟೋರ್ ಆ್ಯಪ್ ಮಾತ್ರ ಹಾಕಬಹುದು, ಆದರೆ ಸ್ಟೋರಿಗೆ ಹೋಗಿ ಪುಕ್ಕಟೆಯಾಗಿ ಹೊರಗೆ ಬರಬಹುದು. ಒಮ್ಮೆ ಬಂದರೆ ಮತ್ತೆ ಒಳಗೆ ಹೋಗಲು ಆಗುವುದಿಲ್ಲ. ಯಾರಿಗೆ ಬೇಕು ಬಿಡಿ.

ಸುಮ್ನೆ ನೋಡುವವ:

ಇಷ್ಟೆಲ್ಲ ಯಾಕೆ? ಆಂಟಿವೈರಸ್ ಟ್ರಯಲ್ ತೆಗೆದು ಹಾಕಿ, ರೀಸ್ಟಾರ್ಟ್ ಮಾಡಿ, ವಿಂಡೋಸ್ ಡಿಫೆಂಡರ್ ತಾನೇ ಎದ್ದು ಕೂರುತ್ತದೆ. ಆ ಟ್ರಯಲ್ ಇರುವವರೆಗೂ ಅದು ಪಕ್ಕಕ್ಕೆ ಸರಿದು ಮಲಗಿರುತ್ತದೆ ಅಷ್ಟೇ. ಗೇಮು, ಶಾಪಿಂಗ್ ಐಕಾನು ಎಲ್ಲ ರೈಟ್ ಕ್ಲಿಕ್, ಅನ್‌ಇನ್‌ಸ್ಟಾಲ್. ಹತ್ತು ನಿಮಿಷದ ಕೆಲಸ. ನಾನು ಇದುವರೆಗೆ ನಾಲ್ಕು ಲ್ಯಾಪ್‌ಟಾಪ್ ಹೀಗೇ ಬಳಸಿದ್ದೇನೆ, ಆಕಾಶವೇನೂ ಕಳಚಿ ಬಿದ್ದಿಲ್ಲ.

ಅನುಮಾನದ ಮನುಷ್ಯ:

ಐಕಾನ್ ಕಾಣುವ ಕಸ ಹತ್ತು ನಿಮಿಷದ್ದು, ಅದು ನಿಜ. ಕಾಣದ ಕಸದ ಮಾತು ಬೇರೆ. 2015ರ ಫೆಬ್ರವರಿಯಲ್ಲಿ ಲೆನೊವೊದ ಸೂಪರ್‌ಫಿಶ್ ಗಲಾಟೆ ಆಯಿತು, ಜ್ಞಾಪಕ ಇದೆಯಾ? ಜಾಹೀರಾತು ತೂರಿಸಲು ಹಾಕಿದ್ದ ಆ್ಯಪ್. ಆದರೆ ಅದು ಕಂಪ್ಯೂಟರಿನಲ್ಲಿ ತನ್ನದೇ ಒಂದು ರೂಟ್ ಸರ್ಟಿಫಿಕೇಟ್ (ಯಾವ ಸೈಟ್ ಅಸಲಿ ಅಂತ ಬ್ರೌಸರ್ ನಂಬುವುದು ಇಂಥದ್ದನ್ನು ನೋಡಿ) ಇಟ್ಟಿತ್ತು. ಅಂದರೆ ನೀವು ಬ್ಯಾಂಕಿನ ಸೈಟಿಗೆ ಹೋದರೂ ಮಧ್ಯೆ ಕೂತು ಓದಬಲ್ಲದು, ಬೀಗದ ಚಿಹ್ನೆ ಮಾತ್ರ ಹಾಗೇ ಕಾಣುತ್ತಿರುತ್ತದೆ. ಅದಕ್ಕಿಂತ ಕೆಟ್ಟದ್ದು, ಎಲ್ಲ ಲ್ಯಾಪ್‌ಟಾಪಲ್ಲೂ ಇದ್ದದ್ದು ಒಂದೇ ಕೀ, ಅದನ್ನು ಒಬ್ಬರು ಬಿಡಿಸಿಯೂ ತೋರಿಸಿದರು. ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದರೂ ಸರ್ಟಿಫಿಕೇಟ್ ಅಲ್ಲೇ ಉಳಿಯುತ್ತಿತ್ತು. ಅದೇ ವರ್ಷ ನವೆಂಬರ್‌ನಲ್ಲಿ ಡೆಲ್ ಕೂಡ ಇಡೆಲ್‌ರೂಟ್ ಅನ್ನುವ ಸರ್ಟಿಫಿಕೇಟಿನಲ್ಲಿ ಸಿಕ್ಕಿಬಿತ್ತು.

‘ಫಾರ್ಮ್ಯಾಟ್ ಮಾಡಿದರೆ ಎಲ್ಲ ಹೋಗುತ್ತದೆ’ ಅನ್ನುವವರಿಗೂ ಒಂದು ಮಾತು. ವಿಂಡೋಸ್ 8ರಿಂದ ಡಬ್ಲ್ಯೂಪಿಬಿಟಿ ಅಂತ ಒಂದು ದಾರಿ ಇದೆ. ಫರ್ಮ್‌ವೇರ್‌ನಲ್ಲಿ ಕಂಪನಿ ಒಂದು ಪ್ರೋಗ್ರಾಂ ಇಟ್ಟರೆ, ಬೂಟ್ ಆಗುವಾಗ ವಿಂಡೋಸ್ ಅದನ್ನು ಎತ್ತಿಕೊಂಡು ಓಡಿಸುತ್ತದೆ. ಡಿಸ್ಕ್ ಎಷ್ಟು ಸಲ ತೊಳೆದರೂ ಸರಿಯೇ. ಕದ್ದು ಹೋದ ಲ್ಯಾಪ್‌ಟಾಪ್ ಹುಡುಕುವಂಥ ಕೆಲಸಕ್ಕೆ ಅಂತ ಮಾಡಿದ್ದು. 2015ರ ಆಗಸ್ಟ್‌ನಲ್ಲಿ ಲೆನೊವೊ ಇದೇ ದಾರಿಯಲ್ಲಿ ತನ್ನ ಸರ್ವಿಸ್ ಎಂಜಿನ್ ಹಾಕುತ್ತಿದ್ದುದು ಸುದ್ದಿಯಾಯಿತು. ಕಂಪನಿಯೇ ಹೊಸ ಬಯಾಸ್ (ಅಂದರೆ ಆ ಫರ್ಮ್‌ವೇರ್) ಕೊಟ್ಟು ತೆಗೆಯಬೇಕಾಯಿತು. ಈಗಲೂ ಕೆಲವು ಕಂಪನಿಗಳು ತಮ್ಮ ಆ್ಯಪ್ ಹಾಕಿಸಲು ಈ ದಾರಿ ಬಳಸುತ್ತವೆ. ಸಾಮಾನ್ಯವಾಗಿ ಬಯಾಸ್‌ನಲ್ಲಿ ಆಫ್ ಮಾಡುವ ಆಯ್ಕೆ ಇರುತ್ತದೆ.

ಇದೆಲ್ಲ ಹತ್ತು ವರ್ಷ ಹಳೆಯ ಕಥೆ, ಈಗ ಕೊಳ್ಳುವ ಯಂತ್ರದಲ್ಲೂ ಹೀಗೇ ಇದೆ ಅಂತ ನಾನು ಹೇಳುತ್ತಿಲ್ಲ. ಆದರೆ ಬ್ಯಾಂಕ್ ಕೆಲಸ ಮಾಡುವ ಯಂತ್ರವನ್ನು ನಾನು ಯಾವತ್ತೂ ಬಂದ ಹಾಗೇ ಬಳಸುವುದಿಲ್ಲ.

ಸುಮ್ನೆ ನೋಡುವವ:

ಸರಿ ಸ್ವಾಮಿ, ಈಗ ನನಗೂ ನಿದ್ದೆ ಬರಲ್ಲ.

ಸ್ಕ್ರೂಡ್ರೈವರ್:

ಅಳಿಸುವ ಮೊದಲು ಮಾಡಬೇಕಾದ್ದು ಹೇಳಲು ಮರೆತಿದ್ದೆ, ಎಲ್ಲರೂ ಎಡವುವುದು ಇಲ್ಲೇ. ಜೊತೆಗೆ ಆಫೀಸ್ ಬಂದಿದ್ದರೆ ಅದನ್ನು ಮೊದಲು ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಸೇರಿಸಿಕೊಳ್ಳಿ, ಆಮೇಲೆ ಅಳಿಸಿ. ಅದು ಖಾಯಂ ಲೈಸೆನ್ಸೋ ಒಂದು ವರ್ಷದ 365 ಚಂದಾವೋ ಅನ್ನುವುದನ್ನೂ ಆರ್ಡರ್ ಮಾಡುವಾಗಲೇ ಓದಿ. ಜಾಹೀರಾತಿನಲ್ಲಿ ಎರಡಕ್ಕೂ ‘ಆಫೀಸ್ ಸಹಿತ’ ಅಂತಲೇ ಇರುತ್ತದೆ.

ಎರಡನೆಯದು ಡ್ರೈವರ್. ವೈಫೈ ಡ್ರೈವರ್ ಮೊದಲೇ ಇಳಿಸಿ ಅದೇ ಪೆನ್‌ಡ್ರೈವ್‌ಗೆ ಹಾಕಿ. ಇಲ್ಲದಿದ್ದರೆ ವಿಂಡೋಸ್ 11 ಸೆಟಪ್ ಇಂಟರ್ನೆಟ್ ಕೊಡು ಅನ್ನುತ್ತದೆ, ಇಂಟರ್ನೆಟ್ ಬೇಕಾದರೆ ಡ್ರೈವರ್ ಬೇಕು, ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅನ್ನುವ ಹಾಗೆ ಆಗುತ್ತದೆ. ಇಂಟೆಲ್ ಯಂತ್ರ ತೆಗೆದುಕೊಂಡರೆ ರ‍್ಯಾಪಿಡ್ ಸ್ಟೋರೇಜ್ ಡ್ರೈವರೂ ಇಟ್ಟುಕೊಳ್ಳಿ. 11ನೇ ತಲೆಮಾರಿನಿಂದ ಈಚೆಗೆ ವಿಎಂಡಿ (ಎಸ್‌ಎಸ್‌ಡಿಯನ್ನು ನೋಡಿಕೊಳ್ಳುವ ಇಂಟೆಲ್‌ನ ಒಂದು ಸೆಟ್ಟಿಂಗ್) ಆನ್ ಇದ್ದರೆ ಇನ್‌ಸ್ಟಾಲರಿಗೆ ಎಸ್‌ಎಸ್‌ಡಿಯೇ ಕಾಣದೆ ಹೋಗಬಹುದು, ಜನ ಡಿಸ್ಕ್ ಕೆಟ್ಟಿದೆ ಅಂತ ವಾಪಸ್ ಕಳಿಸಿದ್ದೂ ಇದೆ. ಬಿಲ್ ಜೋಪಾನ ಅವರಿಗೆ ಆದದ್ದು ಆಗದಿರಲಿ ಅಂದರೆ ಕಂಪನಿಯ ರಿಕವರಿ ಯುಎಸ್‌ಬಿ ಬೇರೆ ಒಂದು ಮಾಡಿಡಿ.

ಮೂರನೆಯದು ಅಳಿಸಿದ ಮೇಲೆ. ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋದರೆ ಡಿಸ್ಕ್ ಎನ್‌ಕ್ರಿಪ್ಷನ್ (ಡಿಸ್ಕಿನಲ್ಲಿರುವುದಕ್ಕೆ ಬೀಗ) ನಿಮ್ಮನ್ನು ಕೇಳದೆಯೇ ಆನ್ ಆಗಿರಬಹುದು. ಒಳ್ಳೆಯದೇ. ಆದರೆ 48 ಅಂಕಿಯ ರಿಕವರಿ ಕೀ ಖಾತೆಯಿಂದ ತೆಗೆದು ಕಾಗದದ ಮೇಲೆ ಬರೆದಿಡಿ. ಬಯಾಸ್ ಮುಟ್ಟಿದ ದಿನ ಅದನ್ನೇ ಕೇಳಬಹುದು.

ಕಂಪನಿಯ ಆ್ಯಪ್‌ಗಳಲ್ಲಿ ಒಂದನ್ನು ಮಾತ್ರ ಮತ್ತೆ ಹಾಕಿಕೊಳ್ಳಿ, ಬ್ಯಾಟರಿ ಚಾರ್ಜ್ 80 ಪರ್ಸೆಂಟಿಗೆ ನಿಲ್ಲಿಸುವ ಸೆಟ್ಟಿಂಗ್ ಇರುವಂಥದ್ದು. ಸದಾ ಚಾರ್ಜರ್ ಹಾಕಿಕೊಂಡೇ ಕೂರುವವರಿಗೆ ಅದು ಬೇಕು. ನಿಮ್ಮ ಬ್ರೈಟ್‌ನೆಸ್ ಕೀ ಸತ್ತದ್ದೂ ಇಂಥದ್ದೇ ಯಾವುದೋ ಹಾಟ್‌ಕೀ ಸರ್ವಿಸ್ ಕಿತ್ತದ್ದಕ್ಕೆ.

ನಿಧಾನಗಾಮಿ:

ಎಲ್ಲರಿಗೂ ಥ್ಯಾಂಕ್ಸ್, ಮೂರು ವಾರ ಆದ ಮೇಲೆ ಬಂದಿದ್ದೇನೆ, ಹೆಸರಿಗೆ ತಕ್ಕ ಹಾಗೆ. ಕಡಿಮೆ ಬೆಲೆಯದು 7520ಯುನೇ ಆಗಿತ್ತು. ದುಬಾರಿಯದರಲ್ಲಿ 7530ಯು. ಅದನ್ನೇ ತರಿಸಿದೆ, 16 ಜಿಬಿ. ಹತ್ತು ದಿನ ಬಂದ ಹಾಗೇ ಇಟ್ಟೆ. ಮೊದಲ ಸಂಜೆಯೇ ಆಂಟಿವೈರಸ್ ‘ನೀವು ಅಪಾಯದಲ್ಲಿದ್ದೀರಿ’ ಎಂದಿತು, ಹಳೇ ಸ್ನೇಹಿತನನ್ನು ಕಂಡ ಹಾಗಾಯಿತು. ಪಿಕ್ಸೆಲ್ ಎಲ್ಲ ಸರಿ, ಬ್ಯಾಟರಿ ಸೈಕಲ್ ಎರಡು. ಆಮೇಲೆ ಅಳಿಸಿದೆ. ವಿಂಡೋಸ್ ತಾನೇ ಆ್ಯಕ್ಟಿವೇಟ್ ಆಯಿತು, ವೈಫೈ ಡ್ರೈವರ್ ಪೆನ್‌ಡ್ರೈವ್‌ನಲ್ಲಿ ಇಲ್ಲದಿದ್ದರೆ ನಿಜಕ್ಕೂ ಮದುವೆ ಆಗುತ್ತಿರಲಿಲ್ಲ.

ಒಂದೇ ಒಂದು ವಿಚಿತ್ರ. ಎಲ್ಲ ತೊಳೆದು ಹೊಸದಾಗಿ ಹಾಕಿದ ಮೇಲೆ ಮೊದಲ ಸಲ ಡೆಸ್ಕ್‌ಟಾಪ್ ಬಂದಾಗ ಮೂಲೆಯಲ್ಲಿ ಕಂಪನಿಯ ಕಿಟಕಿ ಎದ್ದು ‘ನಮ್ಮ ಆ್ಯಪ್ ಹಾಕಿಕೊಳ್ಳುತ್ತೀರಾ?’ ಅಂತ ಕೇಳಿತು. ನಾನು ಇನ್ನೂ ಏನನ್ನೂ ಹಾಕಿರಲಿಲ್ಲ!

ಅನುಮಾನದ ಮನುಷ್ಯ:

ಹೇಳಿದ್ದೆನಲ್ಲ. ಬಯಾಸ್‌ಗೆ ಹೋಗಿ, ಅಡ್ವಾನ್ಸ್ಡ್ ಅಥವಾ ಟೂಲ್ಸ್ ಅನ್ನುವ ಕಡೆ ಆ ಆ್ಯಪ್ ಹೆಸರಿನದೇ ಒಂದು ಸಾಲು ಇರುತ್ತದೆ ನೋಡಿ. ಹೋಗುವ ಮೊದಲು ರಿಕವರಿ ಕೀ ಕೈಯಲ್ಲಿರಲಿ.

ನಿಧಾನಗಾಮಿ:

ಸಿಕ್ಕಿತು. ಟೂಲ್ಸ್ ಅಡಿಯಲ್ಲಿ, ಕೊನೇ ಸಾಲು. ಆಫ್ ಮಾಡಿದೆ. ಮತ್ತೆ ಆನ್ ಆಗುವಾಗ 48 ಅಂಕಿ ಕೇಳಿತು, ಕಾಗದ ಪಕ್ಕದಲ್ಲೇ ಇತ್ತು.