ಆರು ತಿಂಗಳು ಥಾಯ್ಲೆಂಡ್, ಲಾವೋಸ್, ವಿಯೆಟ್ನಾಂ ಕಡೆ ಇರಬೇಕು, ವೀಸಾ ಹೇಗೆ ಹೊಂದಿಸಿಕೊಳ್ಳೋದು?

ಕೇಳಿದವರು, ಕಲಬುರಗಿ

ಶರಣು ಶರಣಾರ್ಥಿ. ನಾನು ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುವವಳು. ಮಳೆಗಾಲ ಮುಗಿದ ಮೇಲೆ ಆರು ತಿಂಗಳು ಥಾಯ್ಲೆಂಡ್, ಲಾವೋಸ್, ವಿಯೆಟ್ನಾಂ ಕಡೆ ನಿಧಾನಕ್ಕೆ ಇದ್ದು ಬರಬೇಕು ಅಂತ ಆಸೆ. ಸಾಧ್ಯವಾದರೆ ಕಾಂಬೋಡಿಯಾ ಕೂಡ. ಮೊದಲ ತಿಂಗಳು ಅಮ್ಮನೂ ಜೊತೆಗಿರುತ್ತಾರೆ. ವಾರದ ಪ್ಯಾಕೇಜ್ ಟೂರ್ ಮಾಡಿ ಬಂದವರು ಬೇಕಾದಷ್ಟು ಜನ ಸಿಕ್ಕರು, ತಿಂಗಳುಗಟ್ಟಲೆ ಇದ್ದವರು ಸಿಗಲಿಲ್ಲ. ದಿನ ಮುಗಿಯುತ್ತಾ ಬಂದಾಗ ಅಲ್ಲೇ ಎಕ್ಸ್‌ಟೆನ್ಷನ್ ಮಾಡಿಸೋದು ಒಳ್ಳೆಯದೋ, ಗಡಿ ದಾಟಿ ವಾಪಸ್ ಬರೋದು ಒಳ್ಳೆಯದೋ? ಸೂಪರ್ ಮಾರ್ಕೆಟ್ ಹತ್ತಿರದ ಒಬ್ಬ ಏಜೆಂಟ್ "ಎಲ್ಲಾ ನಮಗೆ ಬಿಡ್ರಿ ಮೇಡಂ, ಎರಡು ತಿಂಗಳಿಗೊಮ್ಮೆ ಗಡಿ ಮುಟ್ಟಿ ಬಂದರೆ ಆಯ್ತು" ಅಂತಾನೆ. ನಂಬಬಹುದಾ?

ಕಲಬುರಗಿಯಿಂದಲೇ ಒಬ್ಬರು

ತಂಗಿ, ಆ ಗಡಿ ಮುಟ್ಟಿ ಬರುವ ಆಟ ಈಗ ಮೊದಲಿನಷ್ಟು ಸಲೀಸಿಲ್ಲ. ನಾನು ಬ್ಯಾಂಕ್ ನೌಕರಿಯಿಂದ ನಿವೃತ್ತನಾದ ಮೇಲೆ ಚಳಿಗಾಲಕ್ಕೆ ಥಾಯ್ಲೆಂಡಿನ ಚಿಯಾಂಗ್ ಮಾಯ್‌ಗೆ ಹೋಗಿ ಕೂರುವವನು. ನಮ್ಮ ಬಿಸಿಲು ತಪ್ಪಿಸಿಕೊಳ್ಳೋಣ ಅಂತ ಮಾರ್ಚ್, ಏಪ್ರಿಲ್‌ನಲ್ಲಿ ಅಲ್ಲಿಗೆ ಹೋಗಬೇಡಿ. ಆಗ ಸುತ್ತಲಿನ ಕಾಡು, ಹೊಲಗಳಿಗೆ ಬೆಂಕಿ ಬಿದ್ದು ಊರೆಲ್ಲ ಹೊಗೆ.

ಭಾರತದ ಪಾಸ್‌ಪೋರ್ಟ್ ಇದ್ದವರನ್ನು ಥಾಯ್ಲೆಂಡ್ 2023ರ ನವೆಂಬರ್‌ನಿಂದ ವೀಸಾ ಇಲ್ಲದೆ 30 ದಿನಕ್ಕೆ ಬಿಟ್ಟುಕೊಳ್ಳತೊಡಗಿತು. 2024ರ ಜುಲೈ 15ರಿಂದ ಅದು 60 ಆಯಿತು. ಆ 60ನ್ನು ಮತ್ತೆ ಇಳಿಸಬೇಕು ಅನ್ನುವ ಮಾತು ಅಲ್ಲಿನ ಸರ್ಕಾರದೊಳಗೆ ಎದ್ದಿದೆ. ಹಾಗಾಗಿ ಟಿಕೆಟ್ ತೆಗೆಯುವ ದಿನ ದೆಹಲಿಯ ಥಾಯ್ ರಾಯಭಾರ ಕಚೇರಿಯ ವೆಬ್‌ಸೈಟ್ ನೋಡಿ. ನನ್ನ ಮಾತಿನ ಮೇಲೆ ಟಿಕೆಟ್ ಮಾಡಬೇಡಿ, ಆ ಏಜೆಂಟನ ಮಾತಿನ ಮೇಲಂತೂ ಬೇಡವೇ ಬೇಡ. ಇಳಿಯುವ ಮುಂಚಿನ ಮೂರು ದಿನದೊಳಗೆ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು, 2025ರ ಮೇ 1ರಿಂದ ಇದು ಕಡ್ಡಾಯ. ಅದಕ್ಕೆ ಒಂದು ಪೈಸೆಯೂ ಕಟ್ಟಬೇಕಿಲ್ಲ. ದುಡ್ಡು ಕೇಳಿದರೆ ಅದು ಸರ್ಕಾರದ ವೆಬ್‌ಸೈಟ್ ಅಲ್ಲ ಅಂತ ತಿಳಿಯಿರಿ.

ಕೌಂಟರಿನಲ್ಲಿ ಸೀಲ್ ಒತ್ತಿ ಪಾಸ್‌ಪೋರ್ಟ್ ಕೈಗೆ ಕೊಟ್ಟ ಕೂಡಲೇ ಅಲ್ಲೇ ನಿಂತು ನೋಡಿ. ಎರಡು ತಾರೀಖು ಇರುತ್ತವೆ. ಒಂದು ಬಂದ ದಿನ, ಇನ್ನೊಂದು ಇರಬಹುದಾದ ಕೊನೆಯ ದಿನ. ನಿಮಗೆ ಲೆಕ್ಕ ಅಂದರೆ ಆ ಎರಡನೆಯದು, ನಿಮ್ಮ ಮೊಬೈಲಿನ ಕ್ಯಾಲೆಂಡರ್ ಅಲ್ಲ. ಇಳಿದ ದಿನವೇ ಮೊದಲ ದಿನ. "ಎರಡು ತಿಂಗಳು" ಅಂತ ಅಂದಾಜಿನಲ್ಲಿ ಎಣಿಸಿದರೆ 31ರ ತಿಂಗಳುಗಳು ಸಿಕ್ಕಿ ಒಂದೆರಡು ದಿನ ಮೀರಿಹೋಗುತ್ತದೆ. ಮೀರಿದ್ದಕ್ಕೆ ದಂಡ ದಿನಕ್ಕೆ 500 ಬಾತ್, ಎಷ್ಟೇ ಆದರೂ 20,000 ಬಾತ್‌ಗೆ ನಿಲ್ಲುತ್ತದೆ. ಆದರೆ 90 ದಿನಕ್ಕಿಂತ ಜಾಸ್ತಿ ಮೀರಿ ಉಳಿದರೆ ದಂಡ ಕಟ್ಟಿ ಹೊರಟರೂ ಒಂದು ವರ್ಷ ಒಳಗೆ ಬಿಡುವುದಿಲ್ಲ.

ಈಗ ಎಕ್ಸ್‌ಟೆನ್ಷನ್. ಟಿಎಂ 7 ಅನ್ನುವ ಫಾರಂ, 1,900 ಬಾತ್, ಫೋಟೊ, ಪಾಸ್‌ಪೋರ್ಟಿನ ಮೊದಲ ಪುಟ ಮತ್ತು ಸೀಲ್ ಇರುವ ಪುಟದ ಜೆರಾಕ್ಸ್. 30 ದಿನ ಸಿಗುತ್ತದೆ. ಪ್ರತಿ ಜೆರಾಕ್ಸ್ ಮೇಲೆ ಸಹಿ ಮಾಡಿ. ಇವೆಲ್ಲ ಸುಲಭ. ಜನ ಸಿಕ್ಕಿಹಾಕಿಕೊಳ್ಳೋದು ಟಿಎಂ 30ರಲ್ಲಿ. ವಿದೇಶದವರು ಬಂದು ಇಳಿದುಕೊಂಡಿದ್ದಾರೆ ಅಂತ ಮನೆಯ ಮಾಲೀಕರು 24 ಗಂಟೆಯೊಳಗೆ ಇಮಿಗ್ರೇಷನ್‌ಗೆ ತಿಳಿಸಬೇಕು, ಅದರ ಚೀಟಿ ಅದು. ಹೋಟೆಲಿನವರು ತಾವೇ ಮಾಡುತ್ತಾರೆ. ತಿಂಗಳ ಬಾಡಿಗೆಗೆ ರೂಮು ಕೊಡುವವರಲ್ಲಿ ಎಷ್ಟೋ ಜನ ಮಾಡಿರುವುದಿಲ್ಲ. ಅಡ್ವಾನ್ಸ್ ಕೊಡುವ ಮುಂಚೆಯೇ ಕೇಳಿ, "ಟಿಎಂ 30 ಮಾಡಿಕೊಡ್ತೀರಾ?" ಅಂತ. ನಾಳೆ ನೋಡೋಣ ಅಂದರೆ ಬೇರೆ ರೂಮು ಹುಡುಕಿ. ನನ್ನ ಪಕ್ಕದ ರೂಮಿನ ಸೊಲ್ಲಾಪುರದ ಗಂಡ ಹೆಂಡತಿ ಬೆಳಿಗ್ಗೆಯೇ ಹೋಗಿ ಟೋಕನ್ ತಗೊಂಡು ಕೂತಿದ್ದರು. ಅವರ ಸರದಿ ಬಂದಾಗ ಇಮಿಗ್ರೇಷನ್ ಕೌಂಟರಿನ ಹೆಣ್ಣುಮಗಳು ಕಾಗದಗಳನ್ನು ಒಂದೊಂದೇ ಮಗುಚಿ ನೋಡಿ, ನಗುತ್ತಲೇ ಪೂರ್ತಿ ಕಟ್ಟನ್ನು ಇತ್ತ ದೂಡಿದರು. ಆ ಒಂದು ಚೀಟಿ ಇರಲಿಲ್ಲ. ಕೂಗಾಡಿದರೆ ಅಲ್ಲಿ ಕೆಲಸ ಆಗುವುದಿಲ್ಲ. ಅಂದಹಾಗೆ, ಚಡ್ಡಿ ಬನಿಯನ್‌ನಲ್ಲಿ ಆ ಕಚೇರಿಗೆ ಹೋಗಬೇಡಿ ಅಂತ ನಿಮಗೆ ಹೇಳಬೇಕಿಲ್ಲ, ಆದರೆ ಹೋಗುವವರಿದ್ದಾರೆ.

ನನ್ನನ್ನು ಕೇಳಿದರೆ ನಿಮ್ಮ ಆರು ತಿಂಗಳಿಗೆ ಗಡಿ ಮುಟ್ಟಿ ಬರುವ ಅಗತ್ಯವೇ ಇಲ್ಲ. ಥಾಯ್ಲೆಂಡ್‌ನಲ್ಲಿ ಕೊಟ್ಟಷ್ಟು ದಿನ ಇರಿ, ಮನಸ್ಸು ತುಂಬದಿದ್ದರೆ ಮೇಲೆ 30 ಹಾಕಿಸಿಕೊಳ್ಳಿ. ಆಮೇಲೆ ಲಾವೋಸ್, ಆಮೇಲೆ ವಿಯೆಟ್ನಾಂ, ಅಲ್ಲಿಂದಲೇ ವಾಪಸ್. ಮುಂದೆ ಮುಂದೆ ಹೋಗುತ್ತಿರುವವರನ್ನು ಯಾರೂ ತಡೆದು ಕೇಳುವುದಿಲ್ಲ. ಹೊರಗೆ ಹೋಗಿ ಮಾರನೇ ದಿನವೇ ಬಂದವರನ್ನು ಕೇಳುತ್ತಾರೆ. ರಸ್ತೆ ಮೇಲಿನ ಗಡಿಯಿಂದ ವೀಸಾ ಇಲ್ಲದೆ ಒಳಬರುವುದಕ್ಕೆ ಥಾಯ್ಲೆಂಡ್‌ನಲ್ಲಿ ವರ್ಷಕ್ಕೆ ಎರಡೇ ಸಲ ಅನ್ನುವ ಮಿತಿಯೂ ಇದೆ. ಏಜೆಂಟ್ ಇದನ್ನು ಹೇಳಿದನಾ?

ಬೀದರಿನಿಂದ

ಅಣ್ಣಾರು ಹೇಳಿದ್ದು ಸರಿ ಇದೆ ಅಕ್ಕಾ. ನಾನು ರಸ್ತೆ ಗಡಿಗಳ ಬಗ್ಗೆ ಮಾತ್ರ ಹೇಳುತ್ತೇನೆ. ನಾನು ಬೈಕು, ಬಸ್ಸಲ್ಲೇ ಜಾಸ್ತಿ ಓಡಾಡಿದವನು.

ಲಾವೋಸ್‌ಗೆ ಹೋಗಲು ನೋಂಗ್ ಖಾಯ್ ಹತ್ತಿರದ ಮೆಕಾಂಗ್ ಸೇತುವೆ ಒಳ್ಳೆಯದು. 1994ರಲ್ಲಿ ತೆರೆದ ಹಳೆಯ ದಾರಿ, ಎಲ್ಲರಿಗೂ ಅಭ್ಯಾಸವಾಗಿದೆ. ಮೊದಲು ಥಾಯ್ ಕಡೆ ಹೊರಗೆ ಹೋಗುವ ಸೀಲ್, ಆಮೇಲೆ ಸೇತುವೆ ದಾಟಿಸುವ ಬಸ್, ಆಮೇಲೆ ಲಾವೋಸ್ ಕೌಂಟರ್. ನಮಗೆ ಅಲ್ಲೇ ವೀಸಾ ಕೊಡುತ್ತಾರೆ, 30 ದಿನಕ್ಕೆ. ಫೋಟೊ ಮತ್ತು ಡಾಲರ್ ಕೈಯಲ್ಲಿರಲಿ. ಡಾಲರ್ ಅಂದರೆ ಹೊಸ ನೋಟು. ನನ್ನ ಮುಂದೆ ನಿಂತಿದ್ದವರ ನೋಟಿನ ಮೂಲೆಯಲ್ಲಿ ಪೆನ್ನಿನ ಸಣ್ಣ ಗೀಟು ಇತ್ತು. ಒಳಗೆ ಕೂತವರು ಅದನ್ನು ಬೆಳಕಿಗೆ ಹಿಡಿದು ನೋಡಿ ವಾಪಸ್ ಕೊಟ್ಟರು. ಇಲ್ಲಿಂದ ಹೊರಡುವಾಗಲೇ ಮಡಿಕೆ ಬೀಳದ ಸಣ್ಣ ನೋಟುಗಳನ್ನು ಪುಸ್ತಕದೊಳಗೆ ಇಟ್ಟುಕೊಂಡು ಹೋಗಿ.

ವಿಯೆಟ್ನಾಂಗೆ ಇ-ವೀಸಾ. 2023ರ ಆಗಸ್ಟ್ 15ರಿಂದ 90 ದಿನದ್ದು ಕೊಡುತ್ತಿದ್ದಾರೆ, ಒಂದು ಸಲ ಒಳಹೋಗಲು 25 ಡಾಲರ್, ಎಷ್ಟು ಸಲವಾದರೂ ಅಂದರೆ 50. ಇದರಲ್ಲಿ ಎರಡು ಕಡೆ ಹುಷಾರಾಗಿರಿ. ಆ 90 ದಿನ ಶುರುವಾಗುವುದು ವೀಸಾದಲ್ಲಿ ಬರೆದ ತಾರೀಖಿನಿಂದ, ನೀವು ಕಾಲಿಟ್ಟ ದಿನದಿಂದ ಅಲ್ಲ. ನೀವು ಹತ್ತು ದಿನ ತಡವಾಗಿ ಹೋದರೆ ಆ ಹತ್ತು ದಿನ ಹೋದಂತೆಯೇ. ಎರಡನೆಯದು, ಯಾವ ಗಡಿಯಿಂದ ಹೋಗುತ್ತೀರಿ ಅಂತ ಫಾರಂನಲ್ಲೇ ಆರಿಸಬೇಕು. ಇ-ವೀಸಾ ಎಲ್ಲ ಗಡಿಗಳಲ್ಲೂ ನಡೆಯುವುದಿಲ್ಲ. ಲಾವೋಸ್ ಕಡೆಯಿಂದ ಲಾವೋ ಬಾವ್ ಅನ್ನುವ ಗಡಿ ಪಟ್ಟಿಯಲ್ಲಿದೆ. ನಡುವೆ ಯಾವುದೋ ಬೆಟ್ಟದ ದಾರಿ ಚೆನ್ನಾಗಿದೆ ಅಂತ ಮನಸ್ಸು ಬದಲಾಯಿಸುವ ಮುಂಚೆ ಪಟ್ಟಿ ನೋಡಿ. ಗೂಗಲ್‌ನಲ್ಲಿ ಹುಡುಕಿದರೆ ಸರ್ಕಾರದ್ದರ ತರಹವೇ ಕಾಣುವ ವೆಬ್‌ಸೈಟ್‌ಗಳು ಬರುತ್ತವೆ, ಎರಡು ಮೂರು ಪಟ್ಟು ದುಡ್ಡು ಕೇಳುತ್ತವೆ. ವಿಳಾಸದ ಕೊನೆಯಲ್ಲಿ ಗವ್ ಡಾಟ್ ವಿಎನ್ ಇರಬೇಕು.

ಕಾಂಬೋಡಿಯಾಕ್ಕೆ ಥಾಯ್ಲೆಂಡ್‌ನಿಂದ ರಸ್ತೆಯಲ್ಲಿ ಹೋಗುವ ಲೆಕ್ಕ ಹಾಕಬೇಡಿ. 2025ರ ಜುಲೈನಲ್ಲಿ ಎರಡು ದೇಶಗಳ ಸೈನ್ಯ ಹೊಡೆದಾಡಿಕೊಂಡವು, ಗಡಿಗಳು ಮುಚ್ಚಿದವು, ಡಿಸೆಂಬರ್‌ನಲ್ಲಿ ಮತ್ತೆ ಹೊತ್ತಿಕೊಂಡಿತು. ಹೋಗಲೇಬೇಕು ಅಂದರೆ ವಿಮಾನ, ಇಲ್ಲವೇ ವಿಯೆಟ್ನಾಂ ಕಡೆಯಿಂದ. ಪೊಯ್‌ಪೆಟ್ ಗಡಿ ತೆರೆದಿದ್ದ ಕಾಲದಲ್ಲಿ ಅಲ್ಲೊಂದು ಮೋಸ ನಡೆಯುತ್ತಿತ್ತು. ಗಡಿಗೆ ಮುಂಚೆಯೇ ಬಸ್ ನಿಲ್ಲಿಸಿ, ಬೋರ್ಡು ಹಾಕಿದ ಒಂದು ಕೋಣೆಗೆ ಕರೆದೊಯ್ದು "ವೀಸಾ ಇಲ್ಲೇ" ಅನ್ನೋರು. ಇಂಥದ್ದು ಯಾವ ಗಡಿಯಲ್ಲೂ ಎದುರಾಗಬಹುದು. ಸೀಲ್ ಇರುವ ಅಧಿಕಾರಿಯ ಕಿಟಕಿ ಬಿಟ್ಟು ಬೇರೆ ಯಾರ ಕೈಗೂ ಪಾಸ್‌ಪೋರ್ಟ್ ಕೊಡಬೇಡಿ.

ಯಾದಗಿರಿಯಿಂದ

ಎಲ್ಲರೂ ಗಡಿಯ ಮಾತೇ ಆಡಿದ್ರಿ. ಅರ್ಧ ತೊಂದರೆ ನಮ್ಮ ಪಾಸ್‌ಪೋರ್ಟಿನೊಳಗೇ ಇರುತ್ತದೆ ರೀ. ನಾನು ಜನರಿಗೆ ಫಾರಂ ತುಂಬಿಕೊಡುವ ಅಂಗಡಿ ನಡೆಸುತ್ತೇನೆ, ದಿನಾ ನೋಡುತ್ತೇನೆ.

ಹಳೆಯ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ಗುಲ್ಬರ್ಗಾ ಅಂತಿರುತ್ತದೆ. 2014ರ ನವೆಂಬರ್ 1ರಿಂದ ಕಲಬುರಗಿ ಆಯಿತಲ್ಲ, ಅಭಿಮಾನಕ್ಕೆ ವೀಸಾ ಫಾರಂನಲ್ಲಿ ಕಲಬುರಗಿ ಅಂತ ಹೊಡೆಯುತ್ತಾರೆ. ಬೇಡ. ಪಾಸ್‌ಪೋರ್ಟಿನಲ್ಲಿ ಏನಿದೆಯೋ ಅದನ್ನೇ ಅಕ್ಷರಕ್ಕೆ ಅಕ್ಷರ ಬರೆಯಿರಿ. ಹೆಸರಿನದ್ದು ಇನ್ನೂ ದೊಡ್ಡ ಕಥೆ. ನಮ್ಮ ಕಡೆ ಹಿರಿಯರ ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ, ಎಲ್ಲ ಒಂದೇ ಹೆಸರು. 2022ರ ನವೆಂಬರ್‌ನಿಂದ ದುಬೈ, ಅಬುಧಾಬಿ ಕಡೆ ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಕೊಡುತ್ತಿಲ್ಲ. ನೀವು ಹೋಗುವ ಕಡೆ ಅಷ್ಟು ಬಿಗಿ ಇಲ್ಲದಿದ್ದರೂ ಟಿಕೆಟ್, ವೀಸಾ, ಪಾಸ್‌ಪೋರ್ಟ್ ಮೂರರಲ್ಲೂ ಹೆಸರು ಒಂದೇ ತರಹ ಇರಲಿ.

ಅಮ್ಮನ ಪಾಸ್‌ಪೋರ್ಟಿನಲ್ಲಿ ಇಸಿಆರ್ ಅಂತ ಇದೆಯಾ ನೋಡಿ. ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕು ಅನ್ನುವ ಗುರುತು ಅದು. ಹತ್ತನೇ ತರಗತಿ ಪಾಸಾಗದವರಿಗೆ ಹಾಕುತ್ತಾರೆ, ಥಾಯ್ಲೆಂಡ್ ಕೂಡ ಆ ಪಟ್ಟಿಯ ದೇಶ. ಅನುಮತಿ ಬೇಕಾಗುವುದು ಕೆಲಸಕ್ಕೆ ಹೋಗುವವರಿಗೆ ಮಾತ್ರ, ಸುತ್ತಾಡಲು ಹೋಗುವವರಿಗೆ ಅಲ್ಲ. ಆದರೂ ಹೈದರಾಬಾದಿನ ಶಂಷಾಬಾದ್ ಏರ್‌ಪೋರ್ಟಿನಲ್ಲಿ ನಾಲ್ಕು ಪ್ರಶ್ನೆ ಜಾಸ್ತಿ ಬೀಳಬಹುದು. ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್ ಪ್ರಿಂಟ್ ಮಾಡಿ ಅಮ್ಮನ ಕೈಚೀಲದಲ್ಲೇ ಇಡಿ, ನಿಮ್ಮ ಮೊಬೈಲಿನಲ್ಲಲ್ಲ. ಅಮ್ಮನಿಗೆ 50 ದಾಟಿದ್ದರೆ ಹೊಸ ಪಾಸ್‌ಪೋರ್ಟ್ ಮಾಡಿಸುವಾಗ ಇಸಿಆರ್ ತೆಗೆಸಬಹುದು.

ಇನ್ನು ನಿಮ್ಮದು. ಪಾಸ್‌ಪೋರ್ಟಿನ ಅವಧಿ ಹೋಗುವ ದಿನಕ್ಕೆ ಮಾತ್ರ ಅಲ್ಲ, ವಾಪಸ್ ಬರುವ ದಿನಕ್ಕೂ ಆರು ತಿಂಗಳು ಮಿಕ್ಕಿರಲಿ. ಹೊಸದು ಮಾಡಿಸುವುದಾದರೆ 60 ಪುಟದ್ದು ಕೇಳಿ, 2,000 ರೂಪಾಯಿ. ಮಾಮೂಲಿ 36 ಪುಟದ್ದು 1,500. ಲಾವೋಸ್‌ನಂಥ ಕಡೆ ವೀಸಾ ಚೀಟಿಯೇ ಒಂದು ಪುಟ ನುಂಗುತ್ತದೆ. ಪಾಸ್‌ಪೋರ್ಟ್ ಸೇವಾ ಕೇಂದ್ರ ಕಲಬುರಗಿಯಲ್ಲೇ ಇರುವಾಗ ಬೆಂಗಳೂರಿಗೆ ಓಡುವುದೇಕೆ?

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಅಮ್ಮನದು ಇಸಿಆರ್ ಪಾಸ್‌ಪೋರ್ಟೇ, ಈಗಲೇ ನೋಡಿದೆ. ವಯಸ್ಸು 58, ಬದಲಾಯಿಸುತ್ತೇನೆ. ಇನ್ನೊಂದು ಅನುಮಾನ. ನಾನು ಅಲ್ಲಿಂದಲೂ ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡುತ್ತಿರುತ್ತೇನಲ್ಲ, ಅದು ಪ್ರವಾಸಿ ಅಂತ ಆಗುತ್ತಾ?

ಕಲಬುರಗಿಯಿಂದ, ಮೊದಲು ಉತ್ತರಿಸಿದವರು

ಅದಕ್ಕೆ ಅಂತಲೇ ಥಾಯ್ಲೆಂಡ್ 2024ರ ಜುಲೈನಲ್ಲಿ ಡಿಟಿವಿ ಅನ್ನುವ ವೀಸಾ ತಂದಿತು. ಐದು ವರ್ಷದ್ದು, ಒಂದು ಸಲ ಒಳಬಂದರೆ 180 ದಿನ ಇರಬಹುದು. ಖಾತೆಯಲ್ಲಿ 5 ಲಕ್ಷ ಬಾತ್ ತೋರಿಸಬೇಕು, ಕಂಪನಿಯ ಪತ್ರ ಬೇಕು, ದೇಶದ ಹೊರಗಿದ್ದೇ ಅರ್ಜಿ ಹಾಕಬೇಕು. ಆರು ತಿಂಗಳೂ ಥಾಯ್ಲೆಂಡ್‌ನಲ್ಲೇ ಅಂದಿದ್ದರೆ ಇದನ್ನೇ ಮಾಡಿಸಿ ಅನ್ನುತ್ತಿದ್ದೆ. ಮೂರು ದೇಶ ಸುತ್ತುವವರು ಅಷ್ಟು ದುಡ್ಡು ತೋರಿಸಿ ಇದನ್ನು ತಗೊಳ್ಳಬೇಕಾ ಅಂತ ಯೋಚಿಸಿ. ಹೊರಡುವ ಮುಂಚೆ ನಿಮ್ಮ ಎಚ್‌ಆರ್‌ನವರಿಂದ ಲಿಖಿತ ಒಪ್ಪಿಗೆ ತಗೊಳ್ಳಿ, ಹೊರದೇಶದಿಂದ ಲಾಗಿನ್ ಆಗಲು ಎಷ್ಟೋ ಕಂಪನಿಗಳು ಬಿಡುವುದಿಲ್ಲ. ಅಲ್ಲಿನ ಕಂಪನಿಯ ಕೆಲಸವನ್ನಂತೂ ಪ್ರವಾಸಿಯಾಗಿ ಬಂದವರು ಮುಟ್ಟಲೇಬಾರದು.

ಆಳಂದದಿಂದ

ಆ ಕೊನೆಯ ಮಾತಿಗೆ ಸೇರಿಸುತ್ತೇನೆ. ಅಲ್ಲಿ ತಿಂಗಳುಗಟ್ಟಲೆ ಇರುವವರಿಗೆ "ಕಂಪ್ಯೂಟರ್ ಕೆಲಸ ಇದೆ, ಊಟ ವಸತಿ ಫ್ರೀ" ಅಂತ ಟೆಲಿಗ್ರಾಮ್‌ನಲ್ಲಿ ಮೆಸೇಜ್ ಬರುತ್ತದೆ. ಬ್ಯಾಂಕಾಕ್‌ನಿಂದ ಮೇ ಸೋತ್ ಅನ್ನುವ ಗಡಿ ಊರಿಗೆ ಕರೆದೊಯ್ದು, ನದಿ ದಾಟಿಸಿ ಮ್ಯಾನ್ಮಾರ್‌ನ ಮ್ಯಾವಡ್ಡಿಯಲ್ಲಿ ಕೂಡಿಹಾಕಿ ಸೈಬರ್ ವಂಚನೆ ಮಾಡಿಸುತ್ತಾರೆ. 2025ರ ಮಾರ್ಚಿನಲ್ಲಿ ನಮ್ಮ ವಾಯುಪಡೆಯ ವಿಮಾನ ಹೋಗಿ 500ಕ್ಕೂ ಹೆಚ್ಚು ಜನರನ್ನು ಕರೆತಂದಿತು. ನಮ್ಮ ಜಿಲ್ಲೆಯ ಹುಡುಗರು ಸೆಕ್ಯುರಿಟಿ ಕೆಲಸ ಅಂತ ರಷ್ಯಾಕ್ಕೆ ಹೋಗಿ ಯುದ್ಧದಲ್ಲಿ ಸಿಕ್ಕಿಬಿದ್ದಿದ್ದು 2024ರಲ್ಲಿ ಪೇಪರಿನಲ್ಲೆಲ್ಲ ಬಂದಿತ್ತಲ್ವಾ. ನೀವು ಓದಿದವರು, ಬಲೆಗೆ ಬೀಳಲ್ಲ. ಆದರೆ ನಿಮ್ಮ ಫೋಟೊ ನೋಡಿ "ಅಕ್ಕಾ, ನನಗೂ ಅಲ್ಲಿ ಕೆಲಸ ಸಿಗುತ್ತಾ" ಅಂತ ಊರಿನ ಹುಡುಗರು ಕೇಳುತ್ತಾರೆ, ಅವರಿಗೆ ಇದನ್ನು ಹೇಳಿ.

ಬಸವಕಲ್ಯಾಣದಿಂದ

ವೀಸಾ ಅನ್ನುವ ಮಾತೇ ಬೇಡ ಅಂದರೆ ನೇಪಾಳ ಇದೆ. ನಮಗೆ ವೀಸಾ ಇಲ್ಲ, ದಿನದ ಮಿತಿ ಇಲ್ಲ. ವಿಮಾನದಲ್ಲಿ ಹೋದರೆ ಪಾಸ್‌ಪೋರ್ಟ್ ಅಥವಾ ವೋಟರ್ ಕಾರ್ಡ್ ಬೇಕು, ಆಧಾರ್ ತೋರಿಸಿದರೆ ಹತ್ತಿಸಲ್ಲ. 15ರೊಳಗಿನವರಿಗೆ, 65 ದಾಟಿದವರಿಗೆ ಮಾತ್ರ ಆಧಾರ್ ನಡೆಯುತ್ತದೆ.

ಬೀದರಿನಿಂದ ಇನ್ನೊಬ್ಬರು

ಇದು ಉಲ್ಟಾ ಕಥೆ, ಆದರೂ ಹೇಳಿಬಿಡುತ್ತೇನೆ. ಅಲ್ಲಿ ಸಿಕ್ಕ ಸ್ನೇಹಿತರನ್ನು "ನಮ್ಮೂರಿಗೆ ಬನ್ನಿ" ಅಂತ ಕರೆಯುತ್ತೀರಲ್ಲ, ಟಿಎಂ 30 ತರಹದ್ದು ನಮ್ಮಲ್ಲೂ ಇದೆ. ಫಾರಂ ಸಿ ಅಂತ. ವಿದೇಶದವರು ಮನೆಯಲ್ಲಿ ಉಳಿದರೆ 24 ಗಂಟೆಯೊಳಗೆ ನಾವೇ ಆನ್‌ಲೈನ್‌ನಲ್ಲಿ ತುಂಬಬೇಕು. ನಾನಕ್ ಝೀರಾ ಗುರುದ್ವಾರಕ್ಕೆ ಕೆನಡಾ, ಇಂಗ್ಲೆಂಡ್ ಕಡೆಯವರು ಬರುವುದರಿಂದ ನಮ್ಮೂರ ಲಾಡ್ಜಿನವರಿಗೆ ಇದು ಗೊತ್ತು, ಮನೆಯವರಿಗೆ ಗೊತ್ತಿರಲ್ಲ. ಇ-ಟೂರಿಸ್ಟ್ ವೀಸಾದಲ್ಲಿ ಬಂದವರಿಗೆ ಇಲ್ಲಿ ಎಕ್ಸ್‌ಟೆನ್ಷನ್ ಇಲ್ಲ ಅಂತ ಅವರಿಗೆ ಮೊದಲೇ ಹೇಳಿ.

ಸೇಡಂನಿಂದ

ಅಮ್ಮ ಜೊತೆಗಿದ್ದಾರೆ ಅಂದರೆ ರೊಟ್ಟಿ, ಶೇಂಗಾ ಹಿಂಡಿ, ಮಸಾಲೆ ಖಾರ ಎಲ್ಲ ಚೀಲ ಸೇರುತ್ತದೆ. ಮಸಾಲೆ ಖಾರಕ್ಕೆ ಗಸಗಸೆ ಹಾಕಿದ್ದಾರಾ ಕೇಳಿ. ದುಬೈ, ಸಿಂಗಾಪುರದಲ್ಲಿ ಗಸಗಸೆಗೆ ನಿಷೇಧವಿದೆ. ಸಿಂಗಾಪುರದ ಮೇಲೆ ಹೋಗುವ ಟಿಕೆಟ್ ಅಗ್ಗಕ್ಕೆ ಸಿಕ್ಕಿದ್ದರೆ ಆ ಡಬ್ಬಿ ಮನೆಯಲ್ಲೇ ಇರಲಿ.